ಜಾಮೆಟ್ರಿ ಪೇಪರ್ ಹೇಳ್ಲಾಕ ಮೊದಲ ಸಲ ಸಮ್ಮೇಳನಕ್ಕ: 15 ನಿಮಿಷದಾಗ ಏನು ಹೇಳಬೇಕು, ಏನು ಬಿಡಬೇಕು?

ತ್ರಿಕೋನ_ಕಲಬುರಗಿ

ಎಲ್ಲಾರಿಗೂ ನಮಸ್ಕಾರ್ರಿ. ಕಲಬುರಗಿದಾಗ ಪಿಎಚ್‌ಡಿ, ಎರಡನೇ ವರ್ಷ. ಲಂಬಕೋನ ಪಾಲಿಗಾನ್‌ದಾಗ (ಮೂಲಿ ಎಲ್ಲಾ ಲಂಬ ಇರೋ ಆಕೃತಿ) ವರ್ಟೆಕ್ಸ್ ಗಾರ್ಡ್ ಇಡೋ ಸಮಸ್ಯೆಗೆ, ಅಂದ್ರ ಒಳಗಿನ ಜಾಗ ಪೂರಾ ಕಾಣೋ ಹಂಗ ಮೂಲಿಗಳಾಗ ಆದಷ್ಟು ಕಡಿಮಿ ಕಾವಲುಗಾರರನ್ನ ನಿಲ್ಲಿಸೋದಕ್ಕ, ಒಂದು ಅಪ್ರಾಕ್ಸಿಮೇಶನ್ ಆಲ್ಗರಿದಮ್ (ಕನಿಷ್ಠಕ್ಕ ಹತ್ತಿರದ ಉತ್ತರ ಕೊಡೋದು), ಆ ಪೇಪರ್ ಕಾಲ್ಡಾಮ್‌ಗೆ (ಆಲ್ಗರಿದಮ್ ಮತ್ತ ಡಿಸ್ಕ್ರೀಟ್ ಗಣಿತದ ಸಮ್ಮೇಳನ) ಆಯ್ಕೆ ಆಗ್ಯದ. ಫೆಬ್ರವರಿದಾಗ ಸಮ್ಮೇಳನ. ಗೈಡ್ ಬರಂಗಿಲ್ಲ, ಹೇಳೋದು ನಾನೇ. 15 ನಿಮಿಷ ಟಾಕ್, ಪ್ರಶ್ನೆಗೆ 5 ನಿಮಿಷ ಅಂತ ಮೇಲ್ ಬಂದದ. ಪೇಪರ್‌ನಾಗ 4 ಲೆಮ್ಮಾ (ಥಿಯರಮ್‌ಗೆ ಆಧಾರ ಆಗೋ ಸಣ್ಣ ಫಲಿತಾಂಶ), 1 ಥಿಯರಮ್, 9 ಚಿತ್ರ ಅವ. ಇಷ್ಟೂ 15 ನಿಮಿಷದಾಗ ಹೆಂಗ ಹಿಡಿಸೋದು? ಎಂಥಾ ಪ್ರಶ್ನೆ ಬರ್ತಾವ? ಟಿಕೆಟ್, ಫೀಸು, ಬಿಲ್ಲಿನ ಕೆಲಸದಾಗ ಹೋಗೋಕಿಂತ ಮೊದಲೇ ಮಾಡಿಕೊಳ್ಳಬೇಕಾದ್ದು ಏನದ? ಗೊತ್ತಿದ್ದೋರು ಬಿಡಿಸಿ ಹೇಳ್ರಿ.

ಬಿದ್ರಿ_ಗೆರೆ

ಇಷ್ಟೂ ಹಿಡಿಸಬ್ಯಾಡ್ರಿ. ನಾಕು ಲೆಮ್ಮಾದಾಗ ಒಂದೇ ಆರಿಸ್ರಿ, ಯಾವುದು ಇಲ್ಲದಿದ್ರ ಥಿಯರಮ್ ನಿಲ್ಲಂಗಿಲ್ಲೋ ಅದು. ಉಳಿದ ಮೂರಕ್ಕ ತಲಾ ಒಂದು ವಾಕ್ಯ ಸಾಕು.

ಒಂದು ಮಾತು ತಿಳ್ಕೋರಿ, ಕಾಲ್ಡಾಮ್ ಬರೇ ಜಾಮೆಟ್ರಿ ಸಮ್ಮೇಳನ ಅಲ್ಲ. ಗ್ರಾಫ್ ಕಲರಿಂಗ್, ಡಾಮಿನೇಶನ್, ಕಾಂಬಿನಟೋರಿಕ್ಸ್ ಮಾಡೋರೂ ನಿಮ್ಮ ಮುಂದ ಕೂತಿರ್ತಾರ. ಹಂಗಾಗಿ "ಗಾರ್ಡ್‌ಗೆ ಕಾಣ್ತದ" ಅಂದ್ರ ಏನು ಅಂಬೋದು ಎರಡನೇ ಸ್ಲೈಡಿಗೇ ಹೇಳಬೇಕು: ಎರಡು ಬಿಂದು ಕೂಡಿಸೋ ಗೆರೆ ಪೂರಾ ಪಾಲಿಗಾನ್ ಒಳಗ ಇರಬೇಕು, ಗ್ವಾಡಿ ಸವರಿದ್ರ ನಡೀತದ. ಈ "ಸವರಿದ್ರ ನಡೀತದ" ಬಿಟ್ರ ಮುಂದ ಹತ್ತನೇ ನಿಮಿಷಕ್ಕ ಯಾರೋ ಕೈ ಎತ್ತಿ ಅದನ್ನೇ ಕೇಳ್ತಾರ, ನಿಮ್ಮ ಲೆಮ್ಮಾ ಅರ್ಧಕ್ಕ ನಿಲ್ತದ.

ಸಮಯ ಹಿಂಗ ಹಂಚ್ರಿ. ಮೊದಲ 2 ನಿಮಿಷ ಚಿತ್ರ ತೋರಿಸಿ ಸಮಸ್ಯೆ ಹೇಳೋದು. ಮುಂದಿನ 2 ನಿಮಿಷ ಹಿಂದಿನ ಕೆಲಸ, ಅದೂ ಒಂದೇ ಸ್ಲೈಡಿನಾಗ: ಎನ್ ಮೂಲಿ ಇದ್ದ ಯಾವ ಪಾಲಿಗಾನ್‌ಗಾದ್ರೂ ಎನ್/3 ಗಾರ್ಡ್ ಸಾಕು (ಭಾಗಿಸಿ ಉಳಿದ ದಶಾಂಶ ಬಿಟ್ಟು) ಅಂತ ಷ್ವಾಟಲ್ 1975ರಾಗ ತೋರಿಸಿದ್ದು, ಮೂರು ಬಣ್ಣದ ಚಿಕ್ಕ ಪ್ರೂಫ್ ಫಿಸ್ಕ್ 1978ರಾಗ ಕೊಟ್ಟಿದ್ದು, ಲಂಬಕೋನದ್ದಾದ್ರ ಎನ್/4 ಸಾಕು ಅಂತ ಕಾನ್, ಕ್ಲಾವೆ, ಕ್ಲೈಟ್‌ಮನ್ 1983ರಾಗ ಹೇಳಿದ್ದು, ಕನಿಷ್ಠ ಸಂಖ್ಯೆ ಹುಡುಕೋದು ಎನ್‌ಪಿ-ಹಾರ್ಡ್ (ಬೇಗ ಬಿಡಿಸೋ ದಾರಿ ಯಾರಿಗೂ ಗೊತ್ತಿಲ್ಲದ ಥರದ್ದು) ಅಂತ ಲೀ ಮತ್ತು ಲಿನ್ 1986ರಾಗ ತೋರಿಸಿದ್ದು. ಆಮೇಲೆ 1987ರ ಸುಬೀರ್ ಘೋಷ್ ಅವರ ಲಾಗ್ ಎನ್ ಅಪ್ರಾಕ್ಸಿಮೇಶನ್, ಅಂದ್ರ ಕನಿಷ್ಠದ ಸುಮಾರು ಲಾಗ್ ಎನ್ ಪಟ್ಟು ಒಳಗ ಗಾರ್ಡ್ ಸಾಕಾಗೋ ದಾರಿ. ಈ ಕೊನೇದನ್ನ ಬಿಡಲೇಬ್ಯಾಡ್ರಿ, ಯಾಕಂದ್ರ ನಿಮ್ಮ ಆಲ್ಗರಿದಮ್ ಅಳೆಯೋದು ಅದರ ಪಕ್ಕಕ್ಕ ಇಟ್ಟೇ. ಐದನೇ ನಿಮಿಷ ನಿಮ್ಮ ಥಿಯರಮ್. ಅಲ್ಲಿಂದ 12ರ ತನಕ ಆ ಒಂದು ಲೆಮ್ಮಾ. 12ರಿಂದ 14 ನಿಮ್ಮ ಲೆಕ್ಕ ಎಲ್ಲಿ ಬಿಗಿ ಆಗ್ತದ (ಅಂದ್ರ ಅದಕ್ಕಿಂತ ಚೊಲೋ ಲೆಕ್ಕ ಬರಂಗಿಲ್ಲ) ಅಂಬೋ ಉದಾಹರಣೆ. ಕೊನೇ ನಿಮಿಷ ಇನ್ನೂ ಬಿಡಿಸದ ಒಂದು ಪ್ರಶ್ನೆ, ಒಂದೇ.

ಚಿತ್ರಕ್ಕ ಬೀದರ್ ಕೋಟೆಯ ನಕ್ಷೆ ಹಾಕಬೇಕು ಅನಸ್ತದ, ನಮ್ಮ ಊರಿಂದು, ಕಾವಲಿನ ಮಾತು ಬ್ಯಾರೆ. ಹಾಕಬ್ಯಾಡ್ರಿ. ಅಷ್ಟು ಬುರುಜು ಕಂಡ ಕೂಡಲೇ ನೋಡೋರ ಕಣ್ಣು ಬುರುಜಿನ ಮ್ಯಾಲೇ ಹೋಗ್ತದ, ಗಾರ್ಡ್ ಕಳೀತಾನ. ಬಾಚಣಿಕಿ ಬಿಡಸ್ರಿ. ಲಂಬಕೋನದ ಬಾಚಣಿಕಿಗೆ ಹಲ್ಲು ಒಂದಕ್ಕ 4 ಮೂಲಿ: 4 ಹಲ್ಲಿಂದು ಬಿಡಿಸಿದ್ರ 16 ಮೂಲಿ, 4 ಗಾರ್ಡ್ ಬೇಕೇ ಬೇಕು. ಹಲ್ಲು ಉದ್ದಕ್ಕ, ಸಪೂರಕ್ಕ ಇರಬೇಕು ನೋಡ್ರಿ. ಗಿಡ್ಡ ಇದ್ರ ಒಬ್ಬನೇ ಗಾರ್ಡ್‌ಗೆ ಎರಡು ಹಲ್ಲಿನ ತಳ ಕಾಣ್ತಾವ, ನಿಮ್ಮ ಚಿತ್ರಾನೇ ನಿಮ್ಮ ಮಾತು ಸುಳ್ಳು ಮಾಡ್ತದ.

ಗುಡ್ಡದ_ಯಾದಗಿರಿ

ಮೇಲಿನದಕ್ಕೆ ಚಿತ್ರ ಬಿಡಿಸುವ ವಿಷಯ ಸೇರಿಸುತ್ತೇನೆ, ಜಾಮೆಟ್ರಿ ಟಾಕ್ ಕೆಡುವುದು ಹೆಚ್ಚಾಗಿ ಅಲ್ಲೇ.

ಈ ಕ್ಷೇತ್ರದ ಬಹಳಷ್ಟು ಮಂದಿ ಬಳಸುವುದು ಐಪಿಇ ಎಂಬ ಉಚಿತ ಡ್ರಾಯಿಂಗ್ ತಂತ್ರಾಂಶ. ಅದರಲ್ಲಿ ಗ್ರಿಡ್ ಸ್ನ್ಯಾಪ್ (ಎಫ್7) ಹಾಕಿಕೊಂಡೇ ಲಂಬಕೋನದ ಪಾಲಿಗಾನ್ ಎಳೆಯಿರಿ. ಕೈಯಂದಾಜಿಗೆ ಎಳೆದರೆ ಲ್ಯಾಪ್‌ಟಾಪ್‌ನಲ್ಲಿ ನೆಟ್ಟಗೆ ಕಾಣುವ ಗೆರೆ ದೊಡ್ಡ ಪರದೆಯ ಮೇಲೆ ವಾಲಿಕೊಂಡು ಕಾಣುತ್ತದೆ. ಅದೇ ಕಡತದ ಕೋಆರ್ಡಿನೇಟ್ ತೆಗೆದು ಪ್ರೋಗ್ರಾಮಿಗೆ ಕೊಟ್ಟರೆ ಅಂಚು ಲಂಬವಲ್ಲ ಎಂದೇ ಅದು ಹೇಳುತ್ತದೆ.

ಲೆಮ್ಮಾ ಹಂತಹಂತವಾಗಿ ತೋರಿಸಲು ಲೇಯರ್ ಮತ್ತು ವ್ಯೂ ಇವೆ. ಪಾಲಿಗಾನ್ ಒಂದು ಲೇಯರ್, ಗಾರ್ಡ್ ಇನ್ನೊಂದು, ಕಾಣುವ ಭಾಗ ಮೂರನೆಯದು, ಹೆಸರುಗಳು ನಾಲ್ಕನೆಯದು. ಯಾವ ವ್ಯೂನಲ್ಲಿ ಯಾವ ಲೇಯರ್ ಕಾಣಬೇಕು ಎಂದು ಗುರುತು ಹಾಕಿದರೆ ಒಂದೇ ಪುಟದಿಂದ 5-6 ಪಿಡಿಎಫ್ ಪುಟ ಹೊರಬರುತ್ತವೆ, ಚಿತ್ರ ಒಂದು ಕೂದಲಷ್ಟೂ ಜರುಗುವುದಿಲ್ಲ. ಪ್ರತಿ ಹಂತಕ್ಕೂ ಬೇರೆ ಚಿತ್ರ ಬಿಡಿಸಿದರೆ ಪುಟ ತಿರುಗಿದಾಗಲೆಲ್ಲ ಪಾಲಿಗಾನ್ ಕುಣಿಯುತ್ತದೆ, ಏನು ಬದಲಾಯಿತೆಂದು ನೋಡುವವರಿಗೆ ಗೊತ್ತಾಗುವುದಿಲ್ಲ. ಐಪಿಇಯಲ್ಲಿ ಅಕ್ಷರಗಳೆಲ್ಲ ಲೇಟೆಕ್ ಮೂಲಕ ಬರುತ್ತವೆ. ಅಲ್ಲಿಗೆ ಹೋದ ಮೇಲೆ ಬೇರೆಯವರ ಗಣಕದಲ್ಲಿ ತಿದ್ದುವ ಯೋಚನೆ ಬೇಡ, ಪಿಡಿಎಫ್ ಮಾಡಿಯೇ ಹೊರಡಿ.

ಬಣ್ಣ: ಕೆಂಪು-ಹಸಿರನ್ನೇ ನಂಬಬೇಡಿ. ಅವೆರಡೂ ಒಂದೇ ಥರ ಕಾಣುವವರು ಸಭೆಯಲ್ಲಿ ಇರುತ್ತಾರೆ, ಹಳೆಯ ಪ್ರೊಜೆಕ್ಟರ್ ತಿಳಿಹಳದಿಯನ್ನು ಬಿಳಿಯೇ ಮಾಡಿಬಿಡುತ್ತದೆ. ನೀಲಿ ಮತ್ತು ಕಿತ್ತಳೆ ಇಡಿ, ಜೊತೆಗೆ ಗಾರ್ಡ್‌ಗೆ ತುಂಬಿದ ಚುಕ್ಕೆ, ಸಾಕ್ಷಿ ಬಿಂದುವಿಗೆ (ಯಾವುದಾದರೂ ಗಾರ್ಡ್‌ಗೆ ಕಾಣಲೇಬೇಕೆಂದು ಗುರುತಿಸಿದ ಬಿಂದು) ಖಾಲಿ ಚೌಕ ಎಂದು ಆಕಾರದಲ್ಲೂ ಬೇರೆ ಮಾಡಿ. ಪೇಪರಿನ ಚಿತ್ರವನ್ನು ಹಾಗೇ ಅಂಟಿಸಬೇಡಿ, ಅಲ್ಲಿನ ಗೆರೆ ಮುದ್ರಣಕ್ಕೆ ಸರಿ, ಕೊನೆಯ ಸಾಲಿಗೆ ಕಾಣುವುದಿಲ್ಲ. ಗೆರೆಯ ದಪ್ಪ ದುಪ್ಪಟ್ಟು ಮಾಡಿ. ಪಿಡಿಎಫ್ ಪೆನ್‌ಡ್ರೈವಿನಲ್ಲೊಂದು, ಮೇಲ್‌ನಲ್ಲೊಂದು ಇರಲಿ. ನಿಮ್ಮ ಲ್ಯಾಪ್‌ಟಾಪ್‌ಗೆ ಎಚ್‌ಡಿಎಂಐ, ವಿಜಿಎ ಎರಡಕ್ಕೂ ಅಡಾಪ್ಟರ್ ಇಟ್ಟುಕೊಳ್ಳಿ. ಸೆಷನ್ ಶುರುವಾಗುವ ಮೊದಲೇ ಚೇರ್ ಹತ್ತಿರ ಹೋಗಿ ಒಮ್ಮೆ ಹಾಕಿ ನೋಡಿ.

ಸಮತಲ

ಪ್ರಶ್ನೆಗಳ ಬಗ್ಗೆ. ಈ ವಿಷಯಕ್ಕೆ ಬರುವ ಪ್ರಶ್ನೆಗಳನ್ನು ಬಹುಮಟ್ಟಿಗೆ ಮೊದಲೇ ಊಹಿಸಬಹುದು.

ಮೊದಲನೆಯದು, "ಗಾರ್ಡ್ ವರ್ಟೆಕ್ಸಿನಲ್ಲೇ ಯಾಕೆ, ಎಲ್ಲಿ ಬೇಕಾದರೂ ನಿಲ್ಲಬಹುದಾದರೆ?" ಇದಕ್ಕೆ "ಅದು ಮುಂದಿನ ಕೆಲಸ" ಎಂದು ತಪ್ಪಿಸಿಕೊಳ್ಳಬೇಡಿ, ಸರಿಯಾದ ಉತ್ತರವೇ ಇದೆ. ವರ್ಟೆಕ್ಸ್ ಗಾರ್ಡ್ ಆದರೆ ಆಯ್ಕೆಗೆ ಇರುವ ಜಾಗ ಎನ್ ಮಾತ್ರ. ವರ್ಟೆಕ್ಸ್ ಜೋಡಿಗಳ ಮೂಲಕ ಹಾಯುವ ಗೆರೆಗಳಿಂದ ಪಾಲಿಗಾನ್ ತುಂಡಾಗುತ್ತದೆ. ಒಂದು ತುಂಡು ಒಂದು ವರ್ಟೆಕ್ಸಿಗೆ ಪೂರ್ತಿ ಕಾಣುತ್ತದೆ, ಇಲ್ಲವೇ ಕಾಣುವುದೇ ಇಲ್ಲ. ಸಮಸ್ಯೆ ಸೆಟ್ ಕವರ್ (ಆದಷ್ಟು ಕಡಿಮೆ ಗುಂಪುಗಳಿಂದ ಎಲ್ಲ ತುಂಡು ಮುಚ್ಚುವುದು) ಆಗುತ್ತದೆ, ಗ್ರೀಡಿ (ಪ್ರತಿ ಸಲ ಹೆಚ್ಚು ಹೊಸ ತುಂಡು ಮುಚ್ಚುವುದನ್ನೇ ಆರಿಸುವುದು) ಹಚ್ಚಿದರೆ ಲಾಗ್ ಎನ್ ಬರುತ್ತದೆ. ಘೋಷ್ ಅವರ ದಾರಿ ಇದೇ. ಗಾರ್ಡ್ ಎಲ್ಲಿ ಬೇಕಾದರೂ ನಿಲ್ಲಬಹುದು ಎಂದ ಕೂಡಲೇ ಆಯ್ಕೆಯ ಜಾಗ ಅನಂತ. 2017ರ ಎಸ್‌ಒಸಿಜಿಯಲ್ಲಿ (ಕಂಪ್ಯೂಟೇಶನಲ್ ಜಾಮೆಟ್ರಿಯ ಅಂತರರಾಷ್ಟ್ರೀಯ ಸಮ್ಮೇಳನ) ಅಬ್ರಹಾಮ್ಸನ್, ಅದಮಾಶೆಕ್, ಮಿಲ್ಟ್ಸೋ ತೋರಿಸಿದ ಪಾಲಿಗಾನ್‌ಗೆ ಮೂಲೆಗಳೆಲ್ಲ ಪೂರ್ಣಾಂಕದಲ್ಲೇ ಇವೆ, ಆದರೂ 3 ಗಾರ್ಡ್‌ಗಳಲ್ಲಿ ಮುಗಿಸಬೇಕಾದರೆ ಅವರು ಅಭಾಗಲಬ್ಧ ಕೋಆರ್ಡಿನೇಟ್‌ನಲ್ಲೇ ನಿಲ್ಲಬೇಕು. ಭಾಗಲಬ್ಧವೇ ಬೇಕೆಂದರೆ 4 ಗಾರ್ಡ್ ಬೇಕು. ಲಂಬಕೋನದ ಪಾಲಿಗಾನ್‌ಗಳಲ್ಲೂ ಅಭಾಗಲಬ್ಧ ಜಾಗ ತಪ್ಪದ ಉದಾಹರಣೆ ಆ ಪೇಪರಿನಲ್ಲೇ ಇದೆ, ಹಾಗಾಗಿ "ನಮ್ಮದು ಲಂಬಕೋನ, ನಮಗೆ ಆ ತೊಂದರೆ ಇಲ್ಲ" ಎಂದು ಬಾಯಿ ತಪ್ಪಿಯೂ ಹೇಳಬಾರದು. ಅದೇ ಮೂವರು 2018ರಲ್ಲಿ ಗಾರ್ಡ್ ಎಲ್ಲಿ ಬೇಕಾದರೂ ನಿಲ್ಲುವ ಈ ಸಮಸ್ಯೆ ಎಕ್ಸಿಸ್ಟೆನ್ಷಿಯಲ್ ರಿಯಲ್ಸ್ ವರ್ಗಕ್ಕೆ (ಬಹುಪದ ಸಮೀಕರಣಗಳಿಗೆ ವಾಸ್ತವ ಸಂಖ್ಯೆಯ ಪರಿಹಾರ ಇದೆಯೇ ಎಂದು ಕೇಳುವ ಸಮಸ್ಯೆಗಳ ವರ್ಗ) ಕಂಪ್ಲೀಟ್, ಅಂದರೆ ಆ ವರ್ಗದಲ್ಲೇ ಅತಿ ಕಷ್ಟದ್ದು ಎಂದೂ ತೋರಿಸಿದರು. ವರ್ಟೆಕ್ಸ್ ಗಾರ್ಡ್ ಆಯ್ದುಕೊಂಡಿದ್ದು ಸೋಮಾರಿತನವಲ್ಲ, ಅಲ್ಲಿ ಸಮಸ್ಯೆ ಎನ್‌ಪಿಯಲ್ಲೇ (ಕೊಟ್ಟ ಉತ್ತರ ಸರಿಯೇ ಎಂದು ಬೇಗ ಪರೀಕ್ಷಿಸಬಹುದಾದ ವರ್ಗ) ಉಳಿಯುತ್ತದೆ. ಇದಿಷ್ಟಕ್ಕೆ ಕೊನೆಯ ಸ್ಲೈಡಿನ ಹಿಂದೆ ಒಂದು ಬ್ಯಾಕಪ್ ಸ್ಲೈಡ್ ಇಡಿ.

ಎರಡನೆಯದು, ಪಾಲಿಗಾನ್ ಒಳಗೆ ಹೋಲ್ (ತೂತು) ಇದ್ದರೆ? ನಿಮ್ಮ ಲೆಮ್ಮಾ ಯಾವ ಸಾಲಿನಲ್ಲಿ ಹೋಲ್ ಇಲ್ಲವೆಂದು ನಂಬಿಕೊಂಡಿದೆ ಎಂದು ಹುಡುಕಿ ಇಟ್ಟುಕೊಳ್ಳಿ. ಸಾಮಾನ್ಯವಾಗಿ ಅದು ಡ್ಯುಯಲ್ ಗ್ರಾಫ್ (ಪಕ್ಕಪಕ್ಕದ ತುಂಡುಗಳನ್ನು ಜೋಡಿಸುವ ಗ್ರಾಫ್) ಟ್ರೀ, ಅಂದರೆ ಸುತ್ತು ಇಲ್ಲದ್ದು, ಆಗುತ್ತದೆ ಎನ್ನುವ ಸಾಲು. ಮೂರನೆಯದು, ಒಂದೇ ಗೆರೆಯ ಮೇಲೆ ಮೂರು ಮೂಲೆ ಬಂದರೆ? ಲಂಬಕೋನದಲ್ಲಿ ಇದು ಅಪರೂಪವಲ್ಲ, ದಿನನಿತ್ಯದ ಮಾತು. "ಜನರಲ್ ಪೊಸಿಷನ್ ಎಂದುಕೊಳ್ಳೋಣ" (ಯಾವ ಮೂರು ಮೂಲೆಯೂ ಒಂದೇ ಗೆರೆಯಲ್ಲಿಲ್ಲ) ಎಂಬ ಮಾತನ್ನು ಬೇರೆ ಪೇಪರಿನಿಂದ ಎತ್ತಿ ಹಾಕಿದ್ದರೆ ಸಿಕ್ಕಿಬೀಳುತ್ತೀರಿ.

ಪ್ರಯೋಗದ ಫಲಿತಾಂಶವೂ ಇದ್ದರೆ ನಾಲ್ಕನೆಯ ಪ್ರಶ್ನೆ: ಲೆಕ್ಕ ಯಾವ ಅಂಕಗಣಿತದಲ್ಲಿ? ಡಬಲ್‌ನಲ್ಲಿ (ಗಣಕದ ಅಂದಾಜು ದಶಾಂಶ ಸಂಖ್ಯೆ) ಮಾಡಿದ ಓರಿಯಂಟೇಶನ್ ಪರೀಕ್ಷೆ (ತಿರುವು ಎಡಕ್ಕೋ ಬಲಕ್ಕೋ) ಮೂರು ಬಿಂದು ಬಹುತೇಕ ಒಂದೇ ಗೆರೆಯಲ್ಲಿದ್ದಾಗ ಚಿಹ್ನೆಯನ್ನೇ ತಪ್ಪು ಕೊಡುತ್ತದೆ, ಕಾಣುವ ಮೂಲೆ ಕಾಣದಾಗುತ್ತದೆ. ಸಿಜಿಎಎಲ್ (ಜಾಮೆಟ್ರಿ ಲೆಕ್ಕದ ಸಿ++ ಲೈಬ್ರರಿ) ಬಳಸಿದ್ದರೆ ಕರ್ನಲ್ (ಸಂಖ್ಯೆ, ಬಿಂದುಗಳ ಲೆಕ್ಕ ನಡೆಸುವ ಭಾಗ) ಯಾವುದೆಂದು ನೋಡಿ. ಪ್ರೆಡಿಕೇಟ್ (ಎಡಕ್ಕೋ ಬಲಕ್ಕೋ ಎಂಬಂಥ ಪರೀಕ್ಷೆ) ಮಾತ್ರ ಎಕ್ಸಾಕ್ಟ್ ಇರುವ ಕರ್ನಲ್ ಇಲ್ಲಿ ಸಾಲದು. ನೋಟದ ಗೆರೆಗಳು ಕೂಡುವ ಬಿಂದುವನ್ನು ಹೊಸದಾಗಿ ಹುಟ್ಟಿಸಿ ಮತ್ತೆ ಪರೀಕ್ಷೆಗೆ ಕೊಡುತ್ತೀರಿ, ಆದ್ದರಿಂದ ಕನ್‌ಸ್ಟ್ರಕ್ಷನ್ ಕೂಡ ಎಕ್ಸಾಕ್ಟ್ ಇರುವುದೇ ಬೇಕು. ನಿಧಾನವಾಗುತ್ತದೆ, ಆದರೆ ಸರಿಯಾಗುತ್ತದೆ.

ತೊಗರಿ_ಹೊಲ

ಕಾಗದಪತ್ರದ ಮಾತು ನಾನು ಹೇಳ್ತೀನ್ರಿ.

ಹೋಗೋಕಿಂತ ಮೊದಲು ವಿಭಾಗದಿಂದ ಲಿಖಿತ ಮಂಜೂರಾತಿ ಮತ್ತ ಓಓಡಿ (ಕಚೇರಿ ಕೆಲಸದ ಮ್ಯಾಲ ಹೊರಗ ಹೋಗೋ) ಆದೇಶ ಕೈಯಾಗ ಇರಬೇಕು. ಬಂದ ಮ್ಯಾಲ ತಗೊಂಡ ಮಂಜೂರಾತಿಗೆ ಲೆಕ್ಕದ ಶಾಖೆ ಆಕ್ಷೇಪಣೆ ಹಾಕ್ತದ. ನೋಂದಣಿ ಫೀಸಿನ ರಸೀದಿ ಯಾರ ಹೆಸರಿಗೆ ಬೇಕು ಅಂತ ಮೊದಲೇ ಕೇಳ್ರಿ, ಕೆಲವು ಕಡೆ ವಿಶ್ವವಿದ್ಯಾಲಯದ ಹೆಸರು, ಕೆಲವು ಕಡೆ ನಿಮ್ಮದು. ಸಂಘಟಕರಿಗೆ ಒಂದು ಮೇಲ್ ಹಾಕಿದ್ರ ಸರಿ ಮಾಡಿ ಕೊಡ್ತಾರ, ಎರಡು ತಿಂಗಳ ಮ್ಯಾಲ ಕೇಳಿದ್ರ ಕಷ್ಟ. ಟಿಕೆಟ್, ಬೋರ್ಡಿಂಗ್ ಪಾಸ್, ಹಾಜರಾತಿ ಪ್ರಮಾಣಪತ್ರ ಮೂಲ ಪ್ರತಿ ಇಟ್ಕೋರಿ. ಪೇಪರಿಗೆ ಕನಿಷ್ಠ ಒಬ್ಬ ಲೇಖಕ ನೋಂದಣಿ ಮಾಡಲೇಬೇಕು, ರಿಯಾಯಿತಿ ಫೀಸಿನ ತಾರೀಖು ಗೋಡೆಗೆ ಬರೆದು ಹಚ್ಚಿ.

ಹೆಸರು ನೋಡ್ಕೋರಿ. ನಮ್ಮ ಕಡೆ ಮಾರ್ಕ್ಸ್ ಕಾರ್ಡಿನಾಗ ತಂದಿ ಹೆಸರು ನಡುವ, ಮನಿತನದ ಹೆಸರು ಕೊನೀಗೆ, ಆಧಾರದಾಗ ಬ್ಯಾರೆ ಥರ. ಸ್ಪ್ರಿಂಗರ್ (ಈ ಪೇಪರ್ ಅಚ್ಚು ಹಾಕೋ ಪ್ರಕಾಶಕರು) ಹಾಳಿಯ ತಲಿಮ್ಯಾಲ ಕೊನೇ ಹೆಸರು ಪೂರಾ, ಉಳಿದದ್ದು ಇನಿಶಿಯಲ್ ಅಂತ ಹಾಕ್ತಾರ. ಮೊದಲ ಪೇಪರಿನಾಗ ಯಾವ ರೂಪ ಹೋಗ್ತದೋ ಅದೇ ಮುಂದ ಎಲ್ಲಾ ಕಡೆ ಹುಡುಕಿದ್ರ ಸಿಗೋದು. ಆರ್ಕಿಡ್ ಸಂಖ್ಯೆ (ಲೇಖಕರಿಗೆ ಇರೋ ಕಾಯಂ ಗುರುತಿನ ಸಂಖ್ಯೆ) ಮಾಡಿ ಜೋಡಸ್ರಿ, ಕಾಪಿರೈಟ್ ಫಾರಂ ಹೋದ ಮ್ಯಾಲ ಲೇಖಕರ ಪಟ್ಟಿ ಬದಲಾಗಂಗಿಲ್ಲ.

ಪ್ರಯಾಣ: ಕಾಲ್ಡಾಮ್ ಒಂದೊಂದು ವರ್ಷ ಒಂದೊಂದು ಊರು. 2017ಕ್ಕ ಗೋವಾ, 2018ಕ್ಕ ಗುವಾಹಟಿ, 2019ಕ್ಕ ಖರಗ್‌ಪುರ, 2020ಕ್ಕ ಐಐಟಿ ಹೈದರಾಬಾದ್. ರೈಲು ಬುಕಿಂಗ್ ಈಗ 60 ದಿನ ಮೊದಲಷ್ಟೇ ತೆರೀತದ, ಆ ದಿನಾನೇ ಕೂತು ತಗೋರಿ. ಉತ್ತರದ ಕಡೆ ಆದ್ರ ಮಂಜಿಗೆ ಗಾಡಿ ತಡ ಆಗ್ತಾವ, ಟಾಕ್ ಇದ್ದ ದಿನ ಮುಂಜಾನಿ ಇಳಿಯೋ ಟಿಕೆಟ್ ಬ್ಯಾಡ, ಒಂದು ದಿನ ಮೊದಲೇ ಮುಟ್ರಿ. ಐಐಟಿ ಹೈದರಾಬಾದಿನಾಗ ಏನರೆ ಇದ್ರ ಹೈದರಾಬಾದ್ ಊರಿಗೆ ಹೋಗೋ ಕೆಲಸಾನೇ ಇಲ್ಲ. ಅದು ಇರೋದು ಸಂಗಾರೆಡ್ಡಿ ಹತ್ತಿರ ಕಂದಿದಾಗ. ಕಲಬುರಗಿಯಿಂದ ಹುಮನಾಬಾದ್, ಜಹೀರಾಬಾದ್ ಮ್ಯಾಲ ಹೋಗೋ ಬಸ್ಸಿಗೆ ಹತ್ತಿ ನಡುವೇ ಇಳೀಬಹುದು. ಬೀದರ್‌ದೋರಿಗಂತೂ ಇನ್ನೂ ಹತ್ತಿರ.

ಬೀದರ್_ಬಿಇ_6

ನಡುವೆ ಕೇಳ್ತಿದ್ದೀನಿ, ಕ್ಷಮಿಸ್ರಿ. ಬೀದರ್‌ನಾಗ ಬಿಇ ಆರನೇ ಸೆಮ್. ಪೇಪರ್ ಇಲ್ಲದೋರು ಹೋದ್ರ ಉಪಯೋಗ ಅದಾ?

ಸಮತಲ

ಇದೆ. ಆದರೆ ಬರೀ ಸಮ್ಮೇಳನಕ್ಕೆ ಹೋಗಬೇಡಿ. ಕಾಲ್ಡಾಮ್‌ಗೆ ಮುಂಚೆ ನಡೆಯುವ ಪೂರ್ವ-ಸಮ್ಮೇಳನ ಶಾಲೆಗೆ ಅರ್ಜಿ ಹಾಕಿ, ಅಲ್ಲಿ ಪಾಠ ಇರುತ್ತದೆ. ಅದಕ್ಕೂ ಮೊದಲು ಕಾನ್ವೆಕ್ಸ್ ಹಲ್, ಸ್ವೀಪ್ ಲೈನ್, ಪಾಲಿಗಾನ್ ಟ್ರಯಾಂಗ್ಯುಲೇಶನ್, ವೊರೊನಾಯ್ ಚಿತ್ರ ಈ ನಾಲ್ಕನ್ನೂ ಕೋಡ್ ಬರೆದು ಓಡಿಸಿ. ಆಗ ಟಾಕ್‌ನ ಮೊದಲ ಐದು ನಿಮಿಷವಾದರೂ ಕೈಗೆ ಸಿಗುತ್ತದೆ. ಓದಲು ದುಡ್ಡು ಬೇಕಿಲ್ಲ: ಎಸ್‌ಒಸಿಜಿಯ ಪೇಪರುಗಳು 2015ರಿಂದ ಲಿಪಿಕ್ಸ್‌ನಲ್ಲಿ (ಉಚಿತವಾಗಿ ಓದಬಹುದಾದ ಪ್ರಕಟಣಾ ಸರಣಿ) ಪೂರ್ತಿ ತೆರೆದಿವೆ, ಕೆನಡಾದ ಜಾಮೆಟ್ರಿ ಸಮ್ಮೇಳನ ಸಿಸಿಸಿಜಿಯವೂ ಹಾಗೇ. ಸಿಸಿಸಿಜಿಯ ಪೇಪರುಗಳು ಚಿಕ್ಕವು, ಶುರು ಮಾಡಲು ಅವೇ ಒಳ್ಳೆಯವು.

ತ್ರಿಕೋನ_ಕಲಬುರಗಿ

ಬಾಚಣಿಕಿ ಬಿಡಿಸಿ ನೋಡಿದೆ, ಹಲ್ಲು ಉದ್ದ ಮಾಡಿದ ಮ್ಯಾಲ ಸರಿ ಬಂತು. ಲೆಮ್ಮಾ ನಾಕನೇ ಸಾಲಿನಾಗ ಟ್ರೀ ಅಂತ ನಂಬಿದ್ದೂ ಸಿಕ್ತು. ಇನ್ನೊಂದೇ ಕೇಳ್ತೀನಿ: ಚೇರ್ "3 ನಿಮಿಷ" ಅಂತ ಚೀಟಿ ತೋರಿಸಿದಾಗ ನಾನಿನ್ನೂ ಲೆಮ್ಮಾದಾಗೇ ಇದ್ರ ಏನು ಬಿಡಬೇಕು?

ಬಿದ್ರಿ_ಗೆರೆ

ಲೆಮ್ಮಾದ ಉಳಿದ ಹಂತ ಬಿಡ್ರಿ, "ಮುಂದಿನ ಕೇಸ್ ಪೇಪರ್‌ನಾಗ ಅದ" ಅಂದು ಬಿಗಿ ಉದಾಹರಣೆಗೆ ಹಾರ್ರಿ. ಬೇಗ ಬೇಗ ಮಾತಾಡಿ ಎಲ್ಲಾ ಮುಗಿಸ್ಲಾಕ ಹೋಗಬ್ಯಾಡ್ರಿ. ಒಂದೊಂದೇ ಪುಟ ಒತ್ತುತ್ತ ಹೋದ್ರ ವ್ಯೂ ಎಲ್ಲಾ ಪಟಪಟ ಅಂತ ಹಾಯ್ತಾವ, ನೋಡೋಕ ಕೆಟ್ಟದಾಗಿ ಕಾಣ್ತದ. ಆ ಉದಾಹರಣೆಯ ಪಿಡಿಎಫ್ ಪುಟದ ಸಂಖ್ಯೆ ಮತ್ತ ಬ್ಯಾಕಪ್ ಸ್ಲೈಡಿನ ಸಂಖ್ಯೆ ಎರಡೂ ಒಂದು ಚೀಟಿಗೆ ಬರೆದು ಲ್ಯಾಪ್‌ಟಾಪ್ ಅಂಚಿಗೆ ಅಂಟಿಸ್ಕೋರಿ. ಪುಟದ ಸಂಖ್ಯೆ ಹೊಡೆದು ನೇರ ಹಾರೋದು ನಿಮ್ಮ ವ್ಯೂವರ್‌ನಾಗ ಹೆಂಗ ಅಂತ ಮನ್ಯಾಗೇ ನೋಡಿ ಇಟ್ಕೋರಿ, ಒಂದೊಂದರಾಗ ಒಂದೊಂದು ಥರ ಇರ್ತದ.