ಅಜ್ಜನ ಟ್ರಂಕಿನ ಪದಕಗಳು: ಕರಗಿಸುವ ಮೊದಲು ಇಲ್ಲಿ ಕೇಳಿ

ಹಳೆಯ ಪದಕಗಳ ಬಗ್ಗೆ ಗುಂಪಿನಲ್ಲಿ ನಡೆದ ಪ್ರಶ್ನೋತ್ತರ. ಉತ್ತರ ಕೊಟ್ಟವರು ದಾವಣಗೆರೆಯಲ್ಲಿ ಹಳೆಯ ನಾಣ್ಯ ಮತ್ತು ಪದಕಗಳನ್ನು ಗುರುತಿಸಿ ಬೆಲೆ ಕಟ್ಟುವ ಕೆಲಸ ಮಾಡುವ ಸದಸ್ಯರು.

ಪ್ರಶ್ನೆ (ಪಿ.ಜೆ. ಬಡಾವಣೆ, ದಾವಣಗೆರೆ): ನಮಸ್ಕಾರ ಸರ್. ನಮ್ಮಜ್ಜನ ಟ್ರಂಕಿನಲ್ಲಿ ನಾಲ್ಕು ಪದಕ ಸಿಕ್ಕಿವೆ. ಒಂದು ಬೆಳ್ಳಿಯದು. ಮುಂದೆ ಗಂಡಭೇರುಂಡ, ಹಿಂದೆ ‘ಪ್ರಥಮ ಬಹುಮಾನ’ ಅಂತ ಬರೆದು ಅಜ್ಜನ ಹೆಸರು ಕೊರೆದಿದ್ದಾರೆ. ಇನ್ನೊಂದರಲ್ಲಿ ರಾಜ ರಾಣಿಯ ಮುಖ, ಹಿಂದೆ ಉರ್ದು ತರಹದ ಅಕ್ಷರ. ಮೂರನೆಯದು ಕುಸ್ತಿಯದು, ಗಿಲೀಟು ಹೋಗಿದೆ. ನಾಲ್ಕನೆಯದು ದೊಡ್ಡದು, ಕಪ್ಪಗಿದೆ, ಸಿಂಹ ಹುಲಿಯನ್ನು ಅದುಮಿ ಹಿಡಿದಿದೆ. ಒಂದು ಬೆಳ್ಳಿ ಅಂಗಡಿಯಲ್ಲಿ ಮೊದಲ ಎರಡಕ್ಕೆ ತೂಕದ ರೇಟು ಕೊಡುತ್ತೇವೆ, ಉಳಿದದ್ದು ಗುಜರಿಗೆ ಹಾಕಿ ಅಂದರು. ಕೊಡಲಾ? ಕೊಡೋದಾದರೆ ವಿಭೂತಿ ಹಾಕಿ ತೊಳೆದು ಕೊಡಲಾ?

ಉತ್ತರ: ಅಕ್ಕಾ, ದಯವಿಟ್ಟು ಕೊಡಬೇಡಿ. ತೊಳೆಯಲೂ ಬೇಡಿ. ಇವತ್ತು ಇವೆರಡು ಮಾತು ಕೇಳಿದರೆ ಸಾಕು, ಉಳಿದದ್ದನ್ನು ನಿಧಾನವಾಗಿ ನೋಡೋಣ.

ತೊಳೆಯೋದು ಯಾಕೆ ಬೇಡ ಅಂತ ಮೊದಲು ಹೇಳುತ್ತೇನೆ. ಗಾಳಿಯಲ್ಲಿರುವ ಗಂಧಕದಿಂದ ಬೆಳ್ಳಿ ಕಪ್ಪಾಗುತ್ತದೆ. ಆ ಕಪ್ಪು ಹೊರಗಿನಿಂದ ಬಂದು ಕೂತ ಕೊಳೆ ಅಲ್ಲ, ಬೆಳ್ಳಿಯ ಮೇಲ್ಪದರವೇ ಹಾಗೆ ಬದಲಾಗಿರುತ್ತದೆ. ಉಜ್ಜಿದರೆ ಕಪ್ಪಿನ ಜೊತೆ ಬೆಳ್ಳಿಯೂ ಹೋಗುತ್ತದೆ. ಮೊದಲು ಹೋಗೋದು ಎತ್ತರದ ಜಾಗಗಳು: ಮುಖದ ಮೂಗು, ಕೂದಲಿನ ಗೆರೆ, ಅಕ್ಷರದ ಚೂಪು. ವಿಭೂತಿ, ಹುಣಸೆಹಣ್ಣು, ಟೂತ್‌ಪೇಸ್ಟ್, ಪಾಲಿಶ್ ಯಾವುದೂ ಬೇಡ. ದೇವರ ಸಾಮಾನಿಗೆ ಅವು ಸರಿ. ಪದಕದ ಮೇಲೆ ಒಮ್ಮೆ ಉಜ್ಜಿದ ಗೀರು ಬಿತ್ತೆಂದರೆ ಮತ್ತೆ ಹೋಗುವುದಿಲ್ಲ, ಸಂಗ್ರಹ ಮಾಡುವವರು ಅದನ್ನು ದೂರದಿಂದಲೇ ಗುರುತಿಸುತ್ತಾರೆ.

ರಾಜ ರಾಣಿ ಇರುವುದು 1911ರ ದೆಹಲಿ ದರ್ಬಾರಿನದು ಅನ್ನಿಸುತ್ತದೆ. ಆ ಡಿಸೆಂಬರ್ 12ರಂದು ಐದನೇ ಜಾರ್ಜ್ ಮತ್ತು ರಾಣಿ ಮೇರಿ ದೆಹಲಿಯಲ್ಲಿ ದರ್ಬಾರು ನಡೆಸಿದರು. ಸರ್ಕಾರ ಕೊಟ್ಟ ಪದಕ ಬೆಳ್ಳಿಯದು, ಅಡ್ಡಳತೆ 38.5 ಮಿ.ಮೀ. ಹಿಂದಿನ ಬರಹ ಉರ್ದು ಅಲ್ಲ, ಪಾರಸಿ. ಚಿನ್ನದವು ರಾಜರಿಗೆ ಮತ್ತು ದೊಡ್ಡ ಅಧಿಕಾರಿಗಳಿಗೆ ಮಾತ್ರ ಹೋದವು. ಅದೇ ವರ್ಷ ಅಗ್ಗದ ಲೋಹದಲ್ಲೂ ನೆನಪಿನ ಬಿಲ್ಲೆಗಳು ಬೇಕಾದಷ್ಟು ಬಂದವು, ಹಾಗಾಗಿ ಅಳತೆ ನೋಡಿ ಹೇಳಿ. ಕಡು ನೀಲಿ ನಡುವೆ ಎರಡು ಕೆಂಪು ಗೆರೆಯ ರಿಬ್ಬನ್ ಚೂರು ಟ್ರಂಕಿನಲ್ಲಿ ಬಿದ್ದಿದ್ದರೆ, ಹರಿದಿದ್ದರೂ ಎಸೆಯಬೇಡಿ.

ಸಿಂಹ ಹುಲಿಯದು ಶ್ರೀರಂಗಪಟ್ಟಣದ ಪದಕದ ಚಿತ್ರ. 1799ರ ಮೇ 4ರಂದು ಟಿಪ್ಪು ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿ ತನ್ನ ಸೈನ್ಯಕ್ಕೆ ಮಾಡಿಸಿದ್ದು. ಬರ್ಮಿಂಗ್‌ಹ್ಯಾಮ್‌ನಲ್ಲಿ ಮ್ಯಾಥ್ಯೂ ಬೋಲ್ಟನ್‌ನ ಸೋಹೊ ಟಂಕಸಾಲೆಯಲ್ಲಿ ಅಚ್ಚು ಹಾಕಿದರು, ಅಚ್ಚು ಕೆತ್ತಿದವನು ಕೂಕ್ಲರ್. ಹುಲಿ ಅಂದರೆ ಟಿಪ್ಪು, ಸಿಂಹ ಅಂದರೆ ಇಂಗ್ಲಿಷರು. ಹಿಂಬದಿಯಲ್ಲಿ ಕೋಟೆಗೆ ನುಗ್ಗುವ ದೃಶ್ಯ. ಮೇಲಿನವರಿಗೆ ಚಿನ್ನ, ಆಮೇಲೆ ಗಿಲೀಟು ಬೆಳ್ಳಿ, ಬೆಳ್ಳಿ, ಕಂಚು, ಕೊನೆಗೆ ಸಾಮಾನ್ಯ ಸಿಪಾಯಿಗೆ ತವರ. ಒಂದೇ ಕೋಟೆ, ಒಂದೇ ಯುದ್ಧ, ಲೋಹ ಮಾತ್ರ ದರ್ಜೆ ನೋಡಿ. ಇದರ ನಕಲುಗಳು ಬಹಳ ಓಡಾಡುತ್ತಿವೆ. ಆಸೆ ಇಟ್ಟುಕೊಳ್ಳುವ ಮೊದಲು ಅಡ್ಡಳತೆ ಮತ್ತು ಅಂಚಿನ ಫೋಟೋ ಹಾಕಿ.

ಈಗ ನಿಮ್ಮಜ್ಜನ ಹೆಸರಿರುವ ಬಹುಮಾನ. ನಾಲ್ಕರಲ್ಲಿ ನನ್ನ ಮನಸ್ಸು ಹೋಗಿದ್ದು ಇದರ ಮೇಲೆ. ದರ್ಬಾರಿನ ಬೆಳ್ಳಿ ಪದಕ ಸಾವಿರಗಟ್ಟಲೆ ಇವೆ, ಅದರ ಮೇಲೆ ಹೆಸರು ಹಾಕಿ ಕೊಡುತ್ತಿರಲಿಲ್ಲ. ಇದು ಒಂದೇ. ಗಂಡಭೇರುಂಡ ಮೈಸೂರು ಸಂಸ್ಥಾನದ ಲಾಂಛನ. ಯಾವ ಶಾಲೆ, ಯಾವ ವಿಷಯ, ಯಾವ ವರ್ಷ ಅನ್ನೋದನ್ನು ಮನೆಯ ಹಿರಿಯರನ್ನು ಕೇಳಿ ಇವತ್ತೇ ಬರೆದಿಡಿ. ಹಳೆಯ ಸರ್ಟಿಫಿಕೇಟು, ಬಹುಮಾನ ವಿತರಣೆಯ ಆಮಂತ್ರಣ, ಕೋಟಿಗೆ ಪದಕ ಸಿಕ್ಕಿಸಿಕೊಂಡು ತೆಗೆಸಿದ ಫೋಟೋ ಏನಾದರೂ ಇದ್ದರೆ ಒಟ್ಟಿಗೇ ಇಡಿ. ಪದಕ ಕರಗಿಸಿದರೆ ಕೆಲವು ಗ್ರಾಂ ಬೆಳ್ಳಿ ಸಿಗುತ್ತದೆ. ಆ ಹುಡುಗ ಆ ವರ್ಷ ಮೊದಲು ಬಂದ ಅನ್ನೋದಕ್ಕೆ ಊರಲ್ಲಿ ಬೇರೆ ಸಾಕ್ಷಿ ಉಳಿದಿರಲಾರದು.

ಕುಸ್ತಿಯದೂ ಅಷ್ಟೇ. ದಾವಣಗೆರೆಯಲ್ಲಿ ದುರ್ಗಾಂಬಿಕಾ ದೇವಿ ಜಾತ್ರೆ ಅಂದರೆ ಕುಸ್ತಿ ಇರಲೇಬೇಕು. ಬೆಳ್ಳಿ ಕಡಗ, ಗದೆಗಳನ್ನು ಜನ ಜೋಪಾನ ಮಾಡುತ್ತಾರೆ, ಹಿತ್ತಾಳೆ ಪದಕವನ್ನು ಬಿಸಾಕುತ್ತಾರೆ. ಗಿಲೀಟು ಹೋಗಿದೆ ಅಂತ ಮತ್ತೆ ಹಾಕಿಸಬೇಡಿ.

ಅದೇ ಸದಸ್ಯೆ: ತುಂಬಾ ಥ್ಯಾಂಕ್ಸ್ ಸರ್. ಮಗ ಸ್ಕೇಲಿನಲ್ಲಿ ಅಳೆದ. ರಾಜ ರಾಣಿಯದು 38 ಮತ್ತು 39ರ ನಡುವೆ ಬರುತ್ತದೆ. ಸಿಂಹದ್ದು 44 ಮಿ.ಮೀ. ಅಂಚಿನ ಸುತ್ತ ಒಂದು ಸಣ್ಣ ಗೆರೆ ಇದೆ. ಅಕ್ಷರಗಳು ಸ್ವಲ್ಪ ಮೆತ್ತಗೆ, ಉರುಟಾಗಿವೆ.

ಉತ್ತರ: ದರ್ಬಾರಿನದು ಸರಿಯಾಗಿದೆ. ಸಿಂಹದ್ದು ನಕಲು, ಅಕ್ಕಾ. ಬೇಸರವಾಗುತ್ತದೆ, ಗೊತ್ತು.

ಹೇಗೆ ಗೊತ್ತಾಯಿತು ಅಂತ ಎಲ್ಲರಿಗೂ ಉಪಯೋಗವಾಗಲಿ ಅಂತ ಬರೆಯುತ್ತೇನೆ. ಸೋಹೊ ಟಂಕಸಾಲೆಯದು 48 ಮಿ.ಮೀ. ಕೆಲವನ್ನು ಕಲ್ಕತ್ತೆಯ ಟಂಕಸಾಲೆಯಲ್ಲೂ ಮಾಡಿದ್ದರು, ಅವು 45. ಪದಕವನ್ನು ಎರಡು ರೀತಿ ಮಾಡಬಹುದು. ಒಂದು, ಉಕ್ಕಿನ ಅಚ್ಚಿನ ನಡುವೆ ಲೋಹವಿಟ್ಟು ಜೋರಾಗಿ ಒತ್ತೋದು. ಇನ್ನೊಂದು, ಎರಕ ಹೊಯ್ಯೋದು. ಅಸಲಿ ಪದಕದಿಂದ ಅಚ್ಚು ತೆಗೆದು ಎರಕ ಹೊಯ್ದರೆ ಲೋಹ ಆರುವಾಗ ಕುಗ್ಗುತ್ತದೆ. ಆದ್ದರಿಂದ ಹೀಗೆ ಮಾಡಿದ ನಕಲು ಅಸಲಿಗಿಂತ ಸ್ವಲ್ಪ ಚಿಕ್ಕದು. 45 ಇರಬೇಕಾದ್ದು 44 ಆಗಿದೆ, ನೋಡಿ. ಅಂಚಿನ ಗೆರೆ ಅಚ್ಚಿನ ಎರಡು ಅರ್ಧ ಸೇರಿದ ಜಾಗ. ಭೂತಗನ್ನಡಿಯಲ್ಲಿ ನೋಡಿದರೆ ಮೈಮೇಲೆ ಗಾಳಿಗುಳ್ಳೆಯ ಸೂಜಿಮೊನೆ ತೂತುಗಳೂ ಕಾಣಬಹುದು. ಒತ್ತಿದ ಪದಕದಲ್ಲಿ ಅಕ್ಷರದ ಬದಿಗಳು ನೆಟ್ಟಗೆ ಎದ್ದು ನಿಂತಿರುತ್ತವೆ.

ಆದರೂ ಗುಜರಿಗೆ ಹಾಕಬೇಡಿ. ಒಂದು ಚೀಟಿಯಲ್ಲಿ ‘ನಕಲು, ಅಜ್ಜನ ಟ್ರಂಕಿನಲ್ಲಿತ್ತು’ ಅಂತ ಬರೆದು ಬೇರೆ ಇಡಿ. ನಾಳೆ ಮೊಮ್ಮಕ್ಕಳು ಅಸಲಿ ಅಂತ ಯಾರಿಗೂ ಮಾರಬಾರದು ಅಲ್ವಾ?

ಪ್ರಶ್ನೆ (ಹರಿಹರ): ಅಣ್ಣಾ, ಪದಕ ನಿಜವಾಗಲೂ ಬೆಳ್ಳಿಯೋ ಅಲ್ಲವೋ ಅಂತ ಒರೆಗಲ್ಲಿಗೆ ಉಜ್ಜದೆ ಮನೆಯಲ್ಲೇ ನೋಡಬಹುದಾ?

ಉತ್ತರ: ನೋಡಬಹುದು ತಮ್ಮಾ. ಒರೆಗಲ್ಲಿಗೆ ಮಾತ್ರ ಕೊಡಬೇಡ, ಅಂಚು ಹಾಳಾಗುತ್ತದೆ. ದಶಾಂಶ ತೋರಿಸುವ ಸಣ್ಣ ತಕ್ಕಡಿ ಬೇಕು. ಮೊದಲು ಪದಕ ತೂಗಿ ಬರೆದುಕೋ. ಆಮೇಲೆ ಅರ್ಧ ಲೋಟ ನೀರನ್ನು ತಕ್ಕಡಿ ಮೇಲಿಟ್ಟು ಸೊನ್ನೆಗೆ ತಂದುಕೋ. ಪದಕಕ್ಕೆ ದಾರ ಕಟ್ಟಿ ಪೂರ್ತಿ ಮುಳುಗುವಂತೆ ಇಳಿಬಿಡು. ತಳಕ್ಕೂ ಬದಿಗೂ ತಾಗಬಾರದು, ಗಾಳಿಗುಳ್ಳೆ ಅಂಟಿರಬಾರದು. ಈಗ ತಕ್ಕಡಿ ತೋರಿಸುವ ಅಂಕೆಯಿಂದ ಮೊದಲಿನ ತೂಕವನ್ನು ಭಾಗಿಸು. ಪದಕ 24.6 ಗ್ರಾಂ ಇದ್ದು ನೀರಿನಲ್ಲಿ 2.4 ತೋರಿಸಿದರೆ ಉತ್ತರ 10.25. ಅಪ್ಪಟ ಬೆಳ್ಳಿ 10.5ರ ಹತ್ತಿರ, ತಾಮ್ರ ಬೆರೆಸಿದ ಪದಕದ ಬೆಳ್ಳಿ 10.3ರ ಆಸುಪಾಸು. ತಾಮ್ರ, ನಿಕ್ಕಲ್ ಬೆರಕೆ 8.9, ಹಿತ್ತಾಳೆ 8.5, ತವರ 7.3. ಜರ್ಮನ್ ಸಿಲ್ವರ್ ಅಂತ ಕರೆಯುವುದರಲ್ಲಿ ಬೆಳ್ಳಿಯೇ ಇರುವುದಿಲ್ಲ, ಅದೂ 8.5ರ ಮೇಲೆ ನಿಲ್ಲುತ್ತದೆ.

ಒಂದು ಎಚ್ಚರ. ಸೀಸಕ್ಕೆ ತವರ ಬೆರೆಸಿದರೆ ಬೆಳ್ಳಿಯ ಅಂಕೆಯನ್ನೇ ತರಬಹುದು. ಆದರೆ ಆ ಬೆರಕೆ ಮೆತ್ತಗೆ, ಬೆರಳ ತುದಿಯಲ್ಲಿಟ್ಟು ಮೆಲ್ಲಗೆ ತಟ್ಟಿದರೆ ಬೆಳ್ಳಿಯಂತೆ ನಾದ ಬರುವುದಿಲ್ಲ. ಎರಡನ್ನೂ ಸೇರಿಸಿ ನೋಡಬೇಕು. ರಿಬ್ಬನ್ ಇರುವ, ಬಣ್ಣದ ಮೀನಾ ಕೆಲಸ ಇರುವ ಪದಕವನ್ನು ನೀರಿಗೆ ಇಳಿಸಲೇಬೇಡ. ಪರೀಕ್ಷೆ ಆದ ಕೂಡಲೇ ಹತ್ತಿ ಬಟ್ಟೆಯಿಂದ ಒತ್ತಿ ಒಣಗಿಸು, ಉಜ್ಜಬೇಡ.

ಪ್ರಶ್ನೆ (ಹಿರಿಯೂರು): ನಮ್ಮ ಮುತ್ತಜ್ಜ ಮೈಸೂರು ಲ್ಯಾನ್ಸರ್ಸ್ ಅನ್ನೋ ಕುದುರೆ ಪಡೆಯಲ್ಲಿ ಇದ್ದರು ಅಂತ ಮನೆಯಲ್ಲಿ ಹೇಳುತ್ತಾರೆ. ಒಂದು ಬೆಳ್ಳಿ ಪದಕ ಇದೆ, 1914–1918 ಅಂತ ಇದೆ. ಇದು ಅವರದೇ ಅಂತ ಹೇಗೆ ತಿಳಿಯೋದು?

ಉತ್ತರ: ಅಂಚು ಓದಿ. ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ 36 ಮಿ.ಮೀ. ಬೆಳ್ಳಿಯದು. ಅದರ ಅಂಚಿನಲ್ಲಿ ಸೈನಿಕನ ನಂಬರು, ದರ್ಜೆ, ಹೆಸರು, ಪಡೆಯ ಹೆಸರು ಇಂಗ್ಲಿಷಿನಲ್ಲಿ ಒತ್ತಿರುತ್ತಾರೆ. ನಮ್ಮವರ ಹೆಸರನ್ನು ಬಾಯಿಗೆ ಬಂದಂತೆ ಬರೆದಿರುತ್ತಾರೆ, ಆದ್ದರಿಂದ ಜೋರಾಗಿ ಓದಿಕೊಂಡು ನೋಡಿ, ಆಗ ಹೊಳೆಯುತ್ತದೆ. ಜೊತೆಗೆ ಹಳದಿ ಬಣ್ಣದ ಕಂಚಿನ ವಿಕ್ಟರಿ ಮೆಡಲ್ ಕೂಡ ಇರುತ್ತಿತ್ತು, ಮನೆಯಲ್ಲಿ ಹುಡುಕಿ.

ಹೆಸರು ತಿದ್ದಿದ್ದಾರೆಯೇ ಅಂತಲೂ ನೋಡಬೇಕು. ಹಳೆಯ ಹೆಸರನ್ನು ಅರದಿಂದ ತಿಕ್ಕಿ ಹೊಸದು ಕೊರೆದಿದ್ದರೆ ಆ ಜಾಗ ಕೊಂಚ ತಗ್ಗಿರುತ್ತದೆ. ಕ್ಯಾಲಿಪರ್‌ನಲ್ಲಿ ಎರಡು ಮೂರು ದಿಕ್ಕಿಗೆ ಅಳೆದರೆ ಒಂದೆಡೆ ಕಡಿಮೆ ಬರುತ್ತದೆ.

1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದದ್ದು ಜೋಧಪುರ ಮತ್ತು ಮೈಸೂರಿನ ಕುದುರೆ ಪಡೆಗಳು. ಮೆಷಿನ್ ಗನ್ನುಗಳ ಎದುರು ಭರ್ಜಿ ಹಿಡಿದು ಹೋದವರು ಅವರು. ಅಂಚಿನಲ್ಲಿ ಮೈಸೂರು ಲ್ಯಾನ್ಸರ್ಸ್ ಅಂತ ಇದ್ದರೆ ದಯವಿಟ್ಟು ಮನೆಯಿಂದ ಹೊರಗೆ ಬಿಡಬೇಡಿ. ಬೆಲೆ ಎಷ್ಟು ಅಂತ ನನ್ನನ್ನು ಕೇಳಿದರೂ ನಾನು ಮೊದಲು ಹೇಳೋದು ಇದನ್ನೇ.

ಪ್ರಶ್ನೆ (ಚಿತ್ರದುರ್ಗ): ಹೊಲ ಉಳುವಾಗ ಒಂದು ಹಳೆಯ ಬಿಲ್ಲೆ ಸಿಕ್ಕಿದೆ. ಇಟ್ಟುಕೊಳ್ಳಬಹುದಾ? ಮನೆಯಲ್ಲಿರುವ ನೂರು ವರ್ಷದ ಪದಕಕ್ಕೂ ಕಾನೂನು ಇದೆಯಾ?

ಉತ್ತರ: ಎರಡೂ ಬೇರೆ ಬೇರೆ. ಮಣ್ಣಿನಲ್ಲಿ ಹುದುಗಿದ್ದು ಸಿಕ್ಕರೆ ಅದು ನಿಧಿ ಕಾಯ್ದೆಗೆ ಬರುತ್ತದೆ. 1878ರ ಭಾರತೀಯ ಕಾಯ್ದೆ ಇದೆ, ಕರ್ನಾಟಕದ್ದೇ 1962ರ ಕಾಯ್ದೆಯೂ ಇದೆ. ಸುಮ್ನೆ ಇಟ್ಟುಕೊಳ್ಳಬೇಡಿ, ಜಿಲ್ಲಾಧಿಕಾರಿ ಕಚೇರಿಗೆ ಬರೆದು ತಿಳಿಸಿ. ಎಲ್ಲಿ, ಎಷ್ಟು ಆಳದಲ್ಲಿ, ಜೊತೆಗೆ ಏನೇನು ಸಿಕ್ಕಿತು ಅನ್ನೋದನ್ನೂ ಬರೆಯಿರಿ. ನಿಮ್ಮ ಊರಿನ ಚಂದ್ರವಳ್ಳಿಯಲ್ಲೇ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು, ಅಗಸ್ಟಸ್ ಮತ್ತು ಟೈಬೀರಿಯಸ್ ಕಾಲದವು. ಪುರಾತತ್ವ ವಿದ್ವಾಂಸ ಎಂ.ಎಚ್. ಕೃಷ್ಣ ಅಲ್ಲಿ ಅಗೆತ ಮಾಡಿಸಿದರು, 1947ರಲ್ಲಿ ಇಂಗ್ಲಿಷ್ ಪುರಾತತ್ವ ವಿದ್ವಾಂಸ ವೀಲರ್ ಕೂಡ ಅಗೆಸಿದರು. ಯಾವ ಪದರದಲ್ಲಿ ಏನು ಸಿಕ್ಕಿತು ಅಂತ ಬರೆದಿಟ್ಟದ್ದರಿಂದಲೇ ಆ ಜಾಗದ ಕಾಲ ಹೇಳಲು ಆಯಿತು. ಜೇಬಿಗೆ ಸೇರಿದ ನಾಣ್ಯದಿಂದ ಅಷ್ಟು ತಿಳಿಯುವುದಿಲ್ಲ.

ಮನೆತನದಿಂದ ಬಂದದ್ದನ್ನು ಇಟ್ಟುಕೊಳ್ಳಲು ತೊಂದರೆ ಇಲ್ಲ. ಆದರೆ 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುವನ್ನು ನಾವು ನೀವು ದೇಶದ ಹೊರಗೆ ಕಳಿಸುವಂತಿಲ್ಲ. ಮಗ ಅಮೆರಿಕದಲ್ಲಿದ್ದಾನೆ, ನೆನಪಿಗೆ ಒಯ್ಯಲಿ ಅಂತ ಸೂಟ್‌ಕೇಸಿಗೆ ಹಾಕಬೇಡಿ. ಇಂಥವುಗಳ ವ್ಯಾಪಾರಕ್ಕೂ ಲೈಸೆನ್ಸ್ ಬೇಕು. 1911ರ ದರ್ಬಾರಿನದು ಆಗಲೇ ಈ ಲೆಕ್ಕಕ್ಕೆ ಬಂದಿದೆ.

ಪ್ರಶ್ನೆ (ಜಗಳೂರು): ನಾನು ಪ್ಲಾಸ್ಟಿಕ್ ಆಲ್ಬಮ್‌ನಲ್ಲಿ ಇಟ್ಟಿದ್ದೆ. ಪದಕದ ಮೇಲೆ ಹಸಿರು ಜಿಗುಟು ಬಂದಿದೆ.

ಉತ್ತರ: ಅದು ಪಿವಿಸಿ ಪ್ಲಾಸ್ಟಿಕ್. ವಾಸನೆ ಬರುವ, ಮೆತ್ತಗಿರುವ ಹಾಳೆ ಆದರೆ ಅನುಮಾನವೇ ಬೇಡ. ಅದು ನಿಧಾನಕ್ಕೆ ಆಮ್ಲ ಬಿಡುತ್ತದೆ. ಶುದ್ಧ ಅಸಿಟೋನ್‌ನಲ್ಲಿ, ಕಿಟಕಿ ತೆರೆದು, ಬೆಂಕಿ ದೂರವಿಟ್ಟು, ಗಾಜಿನ ಬಟ್ಟಲಲ್ಲಿ ಅದ್ದಿ ತೆಗೆಯಿರಿ. ಉಗುರು ಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಬೇರೆ ಏನೇನೋ ಇರುತ್ತದೆ. ರಿಬ್ಬನ್, ಮೀನಾ ಇದ್ದರೆ ಇದನ್ನು ಮಾಡಬೇಡಿ. ಮುಂದೆ ಪಾಲಿಯೆಸ್ಟರ್ ಹಾಳೆಯ ಕವರಿನಲ್ಲಿ ಇಡಿ. ರಬ್ಬರ್ ಬ್ಯಾಂಡು, ಉಣ್ಣೆ ಬಟ್ಟೆ, ನ್ಯೂಸ್‌ಪೇಪರ್, ಹೊಸ ಪ್ಲೈವುಡ್ ಕಪಾಟು ಇವೆಲ್ಲ ಪದಕಕ್ಕೆ ಆಗಿಬರುವುದಿಲ್ಲ. ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಹಿಡಿಯುವಾಗ ಅಂಚನ್ನು ಮಾತ್ರ ಹಿಡಿಯಿರಿ.

ಪ್ರಶ್ನೆ (ವಿದ್ಯಾರ್ಥಿ, ದಾವಣಗೆರೆ): ಸರ್, ನನಗೆ ಸಂಗ್ರಹ ಶುರು ಮಾಡಬೇಕು. ಜಾಸ್ತಿ ದುಡ್ಡಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಊರಿನಿಂದ. ಶ್ರೀರಂಗಪಟ್ಟಣ, ದರ್ಬಾರು ಅಂತ ದೊಡ್ಡ ಹೆಸರಿನ ಹಿಂದೆ ಹೋದರೆ ನಕಲಿಗೆ ದುಡ್ಡು ಸುರಿಯುತ್ತೀಯ. ಶಾಲೆ, ಭಜನೆ ಸ್ಪರ್ಧೆ, ಕುಸ್ತಿ, ಎತ್ತಿನ ಪ್ರದರ್ಶನ, ಮಿಲ್ಲಿನ ಕ್ರೀಡಾಕೂಟ, ಇಂಥ ಬಹುಮಾನಗಳನ್ನು ಯಾರೂ ನಕಲು ಮಾಡುವುದಿಲ್ಲ. ನಾಟಕದ್ದಂತೂ ಬಿಡಬೇಡ. ಕಂಪನಿ ನಾಟಕದ ಕಾಲದಲ್ಲಿ ಮೆಚ್ಚಿದ ನಟರಿಗೆ ಜನ ರಂಗದ ಮೇಲೆಯೇ ಪದಕ ತೊಡಿಸುತ್ತಿದ್ದರು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಹುಟ್ಟಿದ ಊರು ನಮ್ಮದು. ಸಣ್ಣ ಪುಟ್ಟ ಪಾತ್ರ ಮಾಡಿದವರ ಮನೆಗಳಲ್ಲೂ ಹುಡುಕಿದರೆ ಸಿಗಬಹುದು.

ಇನ್ನೊಂದು, 1972 ಮತ್ತು 1997ರಲ್ಲಿ ಸ್ವಾತಂತ್ರ್ಯದ 25 ಮತ್ತು 50ನೇ ವರ್ಷಕ್ಕೆ ಸೈನಿಕರಿಗೆ, ಪೊಲೀಸರಿಗೆ ಕೊಟ್ಟ ಪದಕಗಳು. ಸುಲಭವಾಗಿ ನೋಡಲು ಸಿಗುತ್ತವೆ, ಕಣ್ಣು ಪಳಗುತ್ತದೆ. ಕೊಳ್ಳಲೇಬೇಕು ಅಂತಿಲ್ಲ. ಮಾಲೀಕರು ಕೊಡದಿದ್ದರೆ ಎರಡೂ ಬದಿಯ ಫೋಟೋ, ತೂಕ, ಅಳತೆ, ಅಂಚಿನ ಬರಹ, ಅವರು ಹೇಳಿದ ಕಥೆ ಬರೆದುಕೋ. ಅದೂ ಸಂಗ್ರಹವೇ. ಮನೆಯವರು ಕಷ್ಟದಲ್ಲಿದ್ದಾರೆ ಅಂತ ಬೆಳ್ಳಿ ರೇಟಿಗೆ ಕೇಳಬೇಡ, ಏನಿದೆ ಅಂತ ಅವರಿಗೆ ಹೇಳಿಯೇ ವ್ಯವಹಾರ ಮಾಡು.

ಪ್ರಶ್ನೆ (ಹೊಳಲ್ಕೆರೆ): ನಮಗೆ ಮಕ್ಕಳಿಲ್ಲ. ನಮ್ಮ ಯಜಮಾನರ ಪದಕಗಳನ್ನು ಮ್ಯೂಸಿಯಂಗೆ ಕೊಡಬೇಕು ಅಂತಿದೆ. ತಗೋತಾರಾ?

ಉತ್ತರ: ಕೇಳಿ ನೋಡಿ ಅಮ್ಮಾ. ಚಿತ್ರದುರ್ಗದಲ್ಲಿ ರಂಗಯ್ಯನ ಬಾಗಿಲ ಹತ್ತಿರ ಸರ್ಕಾರಿ ವಸ್ತು ಸಂಗ್ರಹಾಲಯ ಇದೆ. ಯಜಮಾನರು ಓದಿದ ಶಾಲೆ, ಕಾಲೇಜನ್ನೂ ಕೇಳಬಹುದು. ಒಯ್ಯುವ ಮೊದಲು ಫೋನಿನಲ್ಲಿ ಎಲ್ಲದರ ಫೋಟೋ ತೆಗೆಸಿ, ಯಾವ ಪದಕ ಯಾವುದಕ್ಕೆ ಬಂತು ಅಂತ ನಿಮಗೆ ನೆನಪಿರುವಷ್ಟನ್ನು ಬರೆಸಿ, ಪದಕಗಳ ಜೊತೆಗೇ ಕೊಡಿ. ಬಿಡಿಬಿಡಿಯಾಗಿ ಹಂಚಬೇಡಿ. ಬಾಯಿಮಾತಿನಲ್ಲಿ ಒಪ್ಪಿಸಿ ಬರಬೇಡಿ. ಪ್ರತಿ ಪದಕದ ಹೆಸರು, ಅವರ ರಿಜಿಸ್ಟರಿನ ನಂಬರು, ಸಹಿ, ಸೀಲು ಇರುವ ರಸೀದಿ ತಗೊಂಡೇ ಬನ್ನಿ.