ಅಪ್‌ಡೇಟ್: ಹಳೆ ಮನೆಯ ಕಿಟಕಿಗಳು ಕೊನೆಗೂ ಬದಲಾದವು

ಹಳೆ ಮನೆಯ ಮರದ ಕಿಟಕಿಗಳಿಂದ ಮಳೆನೀರು ಒಳಗೆ ಬರುತ್ತಿದೆ, ಚೌಕಟ್ಟು ಉಳಿಸಿಕೊಂಡು ಬದಲಾಯಿಸಬಹುದಾ, ಗುತ್ತಿಗೆದಾರರನ್ನು ಹೇಗೆ ಆರಿಸಲಿ ಎಂದು ಕೇಳಿದ್ದೆ. ಕೆಲಸ ಮೊನ್ನೆ ಮುಗಿಯಿತು.

ಮೊದಲು ಸಂದಿಗಳಿಗೆ ಸಿಲಿಕಾನ್ (ಸಂದಿ ಮುಚ್ಚುವ ಅಂಟು) ಹಚ್ಚಿ ನೋಡಿದೆ. ಎರಡೇ ಮಳೆಗೆ ಮತ್ತೆ ಸೋರಿತು. ಫೋನಿನಲ್ಲೇ ದರ ಕೇಳಿ ಹೋಲಿಸಿದ್ದೂ ಸುಮ್ನೆ ಸಮಯ ಹಾಳು. ಕಿಟಕಿ ನೋಡದೆ ಹೇಳಿದ ಲೆಕ್ಕ ಒಂದೂ ನಿಲ್ಲಲಿಲ್ಲ.

ಕೈ ಹಿಡಿದದ್ದು "ಸ್ಕ್ರೂಡ್ರೈವರ್‌ನಿಂದ ಚೌಕಟ್ಟಿನ ಕೆಳಭಾಗ ಚುಚ್ಚಿ ನೋಡಿ" ಎಂಬ ಸಲಹೆ. ಮೇಲೆ ಬಣ್ಣ ಚೆನ್ನಾಗಿಯೇ ಇತ್ತು, ಆದರೆ ತುದಿ ಬೆಣ್ಣೆಗೆ ಚುಚ್ಚಿದ ಹಾಗೆ ಇಳಿಯಿತು. ಐದರಲ್ಲಿ ಮೂರು ಕಿಟಕಿಗಳ ಮರ ಒಳಗೊಳಗೇ ಕೊಳೆತಿತ್ತು. ಆ ಮೂರಕ್ಕೆ ಚೌಕಟ್ಟು ಸಮೇತ ಹೊಸದು ಹಾಕಿದರು, ಉಳಿದೆರಡಕ್ಕೆ ಹೊಸ ಕಿಟಕಿಯನ್ನು ಹಳೆ ಚೌಕಟ್ಟಿನೊಳಗೇ ಕೂರಿಸಿದರು. ನಾನು ಆರಿಸಿದ ಗುತ್ತಿಗೆದಾರರು ಪ್ರತಿ ಕಿಟಕಿಯ ಅಗಲ, ಎತ್ತರವನ್ನು ಮೂರು ಮೂರು ಕಡೆ ಅಳೆದು ಚಿಕ್ಕ ಅಳತೆ ಹಿಡಿದರು. ಮೂಲೆಯಿಂದ ಮೂಲೆಗೂ ಅಳೆದರು. ಹಳೆ ಗೋಡೆ ನೇರ ಇರುವುದು ಕಡಿಮೆ ಅಲ್ವಾ? ಕೊಳೆತ ಮರ ಸಿಕ್ಕರೆ ಎಷ್ಟು ಜಾಸ್ತಿ ಆಗುತ್ತದೆ ಎಂದೂ ಮೊದಲೇ ಬರೆದು ಕೊಟ್ಟರು.

ನನಗೆ ಗೊತ್ತೇ ಇರದ ವಿಷಯ ಒಂದಿದೆ. ಹೊಸ ಚೌಕಟ್ಟಿನ ಹೊರಬದಿ, ಕೆಳಗೆ ಕಾಣುವ ಸಣ್ಣ ತೂತುಗಳು ನೀರು ಹೊರಹೋಗಲೆಂದೇ ಇರುವುದು. ದಯವಿಟ್ಟು ಅವನ್ನು ಮುಚ್ಚಬೇಡಿ.

ನಿನ್ನೆ ರಾತ್ರಿಯಿಡೀ ಮಳೆ. ಒಳಗೆ ಒಂದು ಹನಿಯೂ ಬಂದಿಲ್ಲ.