ಮೂರನೇ ಪಕ್ಷಕ್ಕೆ ವೋಟು: ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾ?

ಪೆರ್ಲದವ

ನಮಸ್ಕಾರ. ಸೀದಾ ವಿಷಯಕ್ಕೆ ಬರುತ್ತೇನೆ. ಅಕ್ಕನ ಮಗ ಅಮೆರಿಕದ ಮಿಚಿಗನ್‌ನಲ್ಲಿದ್ದಾನೆ. ಅಲ್ಲಿನ ಪೌರತ್ವ ಸಿಕ್ಕಿದೆ, 2028ರಲ್ಲಿ ಮೊದಲ ಸಲ ಅಧ್ಯಕ್ಷರ ಚುನಾವಣೆಗೆ ವೋಟು ಹಾಕುವವನು. ಮೊನ್ನೆ ಊರಿಗೆ ಬಂದಿದ್ದ. ಊಟ ಆಗಿ ಜಗಲಿಯಲ್ಲಿ ಕೂತಿದ್ದಾಗ ಹೇಳಿದ, "ಮಾವ, ನಾನು ಡೆಮಾಕ್ರಟಿಕ್, ರಿಪಬ್ಲಿಕನ್ ಆ ಎರಡು ದೊಡ್ಡ ಪಕ್ಷಗಳಿಗೂ ಹಾಕುವುದಿಲ್ಲ. ಗ್ರೀನ್ ಪಾರ್ಟಿಯವರು ನಿಂತರೆ ಅವರಿಗೆ, ಇಲ್ಲದಿದ್ದರೆ ಮತ್ಯಾರಾದರೂ ಮೂರನೆಯವರಿಗೆ."

ಭಾವನಿಗೆ ಸಿಟ್ಟು ನೆತ್ತಿಗೇರಿತು. ಅಷ್ಟು ವರ್ಷ ಕಾದು ಸಿಕ್ಕಿದ ವೋಟನ್ನು ಹೊಳೆಗೆ ಬಿಸಾಡುತ್ತೀಯಾ ಎಂದು ಶುರು ಮಾಡಿದವರು ಸಂಜೆ ಚಹಾ ಬರುವ ತನಕ ನಿಲ್ಲಿಸಲಿಲ್ಲ. ಹುಡುಗನೂ ಬಿಡಲಿಲ್ಲ. "ಗೆಲ್ಲುವವರಿಗೇ ಹಾಕಬೇಕು ಅಂತಾದರೆ ವೋಟು ಯಾಕೆ, ಜೋಯಿಸರನ್ನು ಕೇಳಿದರೆ ಸಾಕಲ್ವಾ?" ಎಂದ. ನನಗೆ ಒಳಗೊಳಗೇ ನಗು ಬಂತು, ಆದರೆ ಭಾವನ ಎದುರು ನಗುವ ಹಾಗಿಲ್ಲ.

ಈಗ ನನ್ನ ಪ್ರಶ್ನೆ. ಗೆಲ್ಲುವುದಿಲ್ಲ ಅಂತ ಗೊತ್ತಿದ್ದೂ ಮೂರನೆಯವರಿಗೆ ಹಾಕಿದ ವೋಟು ನಿಜಕ್ಕೂ ದಂಡವಾ? ಅಥವಾ ಅದಕ್ಕಿಂತ ಕೆಟ್ಟದ್ದಾ, ಅಂದರೆ ನಮಗೆ ಬೇಡದವನನ್ನೇ ನಾವು ಗೆಲ್ಲಿಸಿದ ಹಾಗಾ? ಅಮೆರಿಕದ ಲೆಕ್ಕ ತಿಳಿದವರು ಹೇಳಿ. ಊರಿನ ಲೆಕ್ಕ ಹೇಳುವವರೂ ಹೇಳಿ. ಪಾರ್ಟಿ ಪ್ರಚಾರ ಮಾತ್ರ ಬೇಡ ಮಾರಾಯ್ರೆ.

ಹೊಸಂಗಡಿ ಜಂಕ್ಷನ್

ದಂಡ. ಕೇರಳದ ನಮ್ಮ ಮಂಜೇಶ್ವರ ವಿಧಾನಸಭಾ ಕ್ಷೇತ್ರದವರಾಗಿ ಈ ಪ್ರಶ್ನೆ ಕೇಳುತ್ತೀರಲ್ಲ!

2016 ಮರೆತು ಹೋಯಿತಾ? ಮುಸ್ಲಿಂ ಲೀಗ್‌ನ ಪಿ.ಬಿ. ಅಬ್ದುಲ್ ರಝಾಕ್ 56,870, ಬಿಜೆಪಿಯ ಕೆ. ಸುರೇಂದ್ರನ್ 56,781. ಅಂತರ 89. ನಮ್ಮ ಕಡೆ ಒಂದು ಮದುವೆಗೆ ಬರುವ ಬಸ್ಸಿನಲ್ಲಿ ಅದಕ್ಕಿಂತ ಜಾಸ್ತಿ ಜನ ಇರುತ್ತಾರೆ. ಅದೇ ಚುನಾವಣೆಯಲ್ಲಿ ಸುರೇಂದ್ರನ್ ಹೆಸರಿಗೆ ಹತ್ತಿರದ ಹೆಸರಿದ್ದ ಒಬ್ಬ ಸಣ್ಣ ಅಭ್ಯರ್ಥಿಗೆ 467 ವೋಟು ಬಿದ್ದಿತ್ತು. ಅದರಲ್ಲಿ ಬೇಕಂತ ಹಾಕಿದ್ದು ಎಷ್ಟು, ಕಣ್ತಪ್ಪಿ ಒತ್ತಿದ್ದು ಎಷ್ಟು, ದೇವರಿಗೇ ಗೊತ್ತು. 2021ರಲ್ಲೂ ಅಂತರ 745 ಅಷ್ಟೇ. ಮೂರನೆಯ ಸ್ಥಾನದ ಎಡರಂಗಕ್ಕೆ 2016ರಲ್ಲಿ 42 ಸಾವಿರಕ್ಕಿಂತ ಜಾಸ್ತಿ ವೋಟು ಇತ್ತು. ಅದು ಯಾವ ಕಡೆಗೆ ಸ್ವಲ್ಪ ವಾಲಿದರೂ ಕಥೆಯೇ ಬೇರೆ. ಅದಕ್ಕೇ ಪ್ರತಿ ಸಲ ವೋಟು ಅತ್ತ ದಾಟಿತು, ಇತ್ತ ದಾಟಿತು ಅಂತ ಚಹಾ ಅಂಗಡಿಯಲ್ಲಿ ತಿಂಗಳುಗಟ್ಟಲೆ ಮಾತು.

ಯಾರು ಗೆಲ್ಲಬೇಕಿತ್ತು ಅಂತ ನಾನು ಹೇಳುತ್ತಿಲ್ಲ. 89ರ ಊರಿನಲ್ಲಿ ಇದ್ದುಕೊಂಡು "ನನ್ನ ಒಂದು ವೋಟಿನಿಂದ ಏನಾಗುತ್ತದೆ" ಅನ್ನಬಾರದು, ಅಷ್ಟೇ. ಹುಡುಗನಿಗೆ ಹೇಳಿ, ಇಬ್ಬರಲ್ಲಿ ಕಡಿಮೆ ಕೆಟ್ಟವರು ಯಾರು ಅಂತ ನೋಡಿ ಒತ್ತಲಿ.

ಡೆಟ್ರಾಯಿಟ್‌ನಿಂದ ಮುಳ್ಳೇರಿಯ

ನಾನು ಮಿಚಿಗನ್‌ನಲ್ಲೇ ಇರುವುದು, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ಒಂದು ಗೊತ್ತಿರಲಿ. ಇಲ್ಲಿ ಅಧ್ಯಕ್ಷರನ್ನು ದೇಶದ ಒಟ್ಟು ವೋಟು ಎಣಿಸಿ ಆರಿಸುವುದಿಲ್ಲ. ಆರಿಸುವವರು ಎಲೆಕ್ಟರ್‌ಗಳು ಅನ್ನುವ ರಾಜ್ಯಗಳ ಪ್ರತಿನಿಧಿಗಳು. ಒಟ್ಟು 538 ಎಲೆಕ್ಟರ್‌ಗಳು, ಗೆಲ್ಲಲು 270 ಬೇಕು. ಪ್ರತಿ ರಾಜ್ಯಕ್ಕೆ ಇಷ್ಟು ಅಂತ ಉಂಟು, ನಮ್ಮ ಮಿಚಿಗನ್‌ಗೆ 15. ಮೇನ್ ಮತ್ತು ನೆಬ್ರಾಸ್ಕಾ ಬಿಟ್ಟರೆ ಉಳಿದೆಲ್ಲ ಕಡೆ ರಾಜ್ಯದಲ್ಲಿ ಒಂದು ವೋಟು ಹೆಚ್ಚು ಬಂದವರಿಗೆ ಅಷ್ಟೂ ಎಲೆಕ್ಟರ್‌ಗಳು. ಹಾಗಾಗಿ ಕ್ಯಾಲಿಫೋರ್ನಿಯಾದಲ್ಲಿ ಕೂತು ಗ್ರೀನ್ ಪಾರ್ಟಿಗೆ ಹಾಕಿದರೆ ಏನೂ ಆಗುವುದಿಲ್ಲ, ಅಲ್ಲಿ ಡೆಮಾಕ್ರಟಿಕ್ ಲಕ್ಷಗಟ್ಟಲೆ ಅಂತರದಲ್ಲಿ ಗೆಲ್ಲುತ್ತದೆ. ಮಿಚಿಗನ್ ಹಾಗಲ್ಲ. ಇದು ಹೊಸಂಗಡಿಯವರು ಹೇಳಿದ ಮಂಜೇಶ್ವರದ ಜಾತಿಗೇ ಸೇರಿದ್ದು.

2000ದ ಫ್ಲೋರಿಡಾ ಎಲ್ಲರೂ ಹೇಳುವ ಕಥೆ. ರಿಪಬ್ಲಿಕನ್ ಪಕ್ಷದ ಬುಷ್ ಮತ್ತು ಡೆಮಾಕ್ರಟಿಕ್ ಪಕ್ಷದ ಗೋರ್ ನಡುವಿನ ಅಂತರ 537, ಗ್ರೀನ್ ಪಾರ್ಟಿಯ ರಾಲ್ಫ್ ನೇಡರ್‌ಗೆ ಅಲ್ಲಿ ಬಿದ್ದದ್ದು 97,488. ಬುಷ್ ಒಟ್ಟು 271 ಎಲೆಕ್ಟರ್‌ಗಳೊಂದಿಗೆ ಅಧ್ಯಕ್ಷರಾದರು. ಇಪ್ಪತ್ತು ವರ್ಷ ಕಳೆದರೂ ನೇಡರ್ ಹೆಸರೆತ್ತಿದರೆ ಹಲ್ಲು ಕಡಿಯುವ ಡೆಮಾಕ್ರಟಿಕ್ ಹಿರಿಯರು ನನ್ನ ಬೀದಿಯಲ್ಲೇ ಇದ್ದಾರೆ.

ಆದರೆ ನಮ್ಮ ರಾಜ್ಯದ 2016ರ ಲೆಕ್ಕ ನೋಡಿ. ಡೆಮಾಕ್ರಟಿಕ್ ಪಕ್ಷದ ಹಿಲರಿ ಕ್ಲಿಂಟನ್ ಎದುರು ಟ್ರಂಪ್ ಗೆದ್ದದ್ದು 10,704 ವೋಟಿನಿಂದ. ಗ್ರೀನ್ ಪಾರ್ಟಿಯ ಜಿಲ್ ಸ್ಟೈನ್‌ಗೆ 51,463. ಇಷ್ಟು ಮಾತ್ರ ಹೇಳಿ "ನೋಡಿ, ಇವರೇ ಸೋಲಿಸಿದ್ದು" ಅನ್ನುತ್ತಾರೆ. ಅದೇ ಚುನಾವಣೆಯಲ್ಲಿ ಲಿಬರ್ಟೇರಿಯನ್ ಪಕ್ಷದ ಗ್ಯಾರಿ ಜಾನ್ಸನ್‌ಗೆ ಇಲ್ಲಿ 1,72,000ಕ್ಕೂ ಹೆಚ್ಚು ಬಿದ್ದಿತ್ತು, ಅದನ್ನು ಯಾರೂ ಎತ್ತುವುದಿಲ್ಲ. ಅವರು ಇಲ್ಲದಿದ್ದರೆ ಆ ಜನ ಎಲ್ಲಿಗೆ ಹೋಗುತ್ತಿದ್ದರು? ಕೆಲವರು ಅಲ್ಲಿ, ಕೆಲವರು ಇಲ್ಲಿ, ಬಹಳಷ್ಟು ಜನ ಮನೆಯಲ್ಲೇ. ಮೂರನೆಯವರಿಗೆ ಬಿದ್ದ ವೋಟನ್ನೆಲ್ಲ ಸೋತವರ ಜೇಬಿನಿಂದ ಕದ್ದದ್ದು ಅಂತ ಎಣಿಸುವುದು ಸರಿಯಲ್ಲ.

2024ರಲ್ಲಿ ಡಿಯರ್‌ಬಾರ್ನ್ ಅನ್ನುವ ಊರಿನಲ್ಲಿ, ಅರಬ್ ಮೂಲದವರು ಜಾಸ್ತಿ ಇರುವ ಊರು, ಗಾಜಾ ಯುದ್ಧದ ಸಿಟ್ಟಿಗೆ ಸ್ಟೈನ್‌ಗೆ ಸುಮಾರು ಶೇ. 18 ವೋಟು ಬಿತ್ತು. ಆದರೆ ರಾಜ್ಯದಲ್ಲಿ ಟ್ರಂಪ್ ಅಂತರ ಸುಮಾರು 80 ಸಾವಿರ, ಸ್ಟೈನ್‌ಗೆ ಒಟ್ಟು ಸಿಕ್ಕಿದ್ದು 45 ಸಾವಿರದ ಆಸುಪಾಸು. ಅಂದರೆ ಅವರಷ್ಟೂ ಜನ ಡೆಮಾಕ್ರಟಿಕ್ ಪಕ್ಷದ ಹ್ಯಾರಿಸ್‌ಗೆ ಹಾಕಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ. ಮತ ಎಣಿಸುವ ಮೊದಲು ಇದು ಯಾರಿಗೂ ಗೊತ್ತಿರುವುದಿಲ್ಲ, ಅದೇ ತಲೆಬಿಸಿ.

ಇನ್ನೊಂದು ವಿಷಯ, ಊರಿನವರಿಗೆ ಅಂದಾಜು ಇರುವುದಿಲ್ಲ. ಇಲ್ಲಿ ಮೆಷಿನಿನ ಗುಂಡಿ ಇಲ್ಲ. ದೊಡ್ಡ ಕಾಗದದ ಮತಪತ್ರ, ಎರಡೂ ಬದಿ ಅಚ್ಚಾಗಿರುತ್ತದೆ. ಹೆಸರಿನ ಎದುರಿನ ಸಣ್ಣ ವೃತ್ತವನ್ನು ಪೆನ್ನಿನಲ್ಲಿ ತುಂಬಬೇಕು. ಮೇಲೆ ಒಂದೇ ಗುರುತಿನಲ್ಲಿ ಇಡೀ ಪಕ್ಷಕ್ಕೆ ಹಾಕುವ ಸೌಲಭ್ಯ ಉಂಟು. ಕೆಳಗೆ ಅಧ್ಯಕ್ಷರು, ಸಂಸದರು, ರಾಜ್ಯದ ಶಾಸಕರು, ನ್ಯಾಯಾಧೀಶರು, ವಿಶ್ವವಿದ್ಯಾಲಯದ ಮಂಡಳಿ, ಕೆಲವು ಕೌಂಟಿಗಳಲ್ಲಿ ಚರಂಡಿ ನೋಡಿಕೊಳ್ಳುವ ಅಧಿಕಾರಿಯನ್ನೂ ಜನರೇ ಆರಿಸಬೇಕು! ನಾನು ಮೊದಲ ಸಲ ಹೋದಾಗ ಚರಂಡಿಯವರ ಹೆಸರು ಓದಿ ಅಲ್ಲೇ ನಿಂತುಬಿಟ್ಟೆ, ಹಿಂದಿನವರು ಕೆಮ್ಮಿದ ಮೇಲೆ ಎಚ್ಚರವಾಯಿತು. ಹುಡುಗ ಮೇಲಿನ ಒಂದು ವೃತ್ತಕ್ಕೆ ಇಷ್ಟು ಜಗಳ ಮಾಡಿ ಕೆಳಗಿನದ್ದನ್ನೆಲ್ಲ ಖಾಲಿ ಬಿಟ್ಟು ಬಂದರೆ ಮಾತ್ರ ನಾನು ಭಾವನ ಪಕ್ಷ.

ಕುಂಬಳೆ ಅಕ್ಕ

ಹೊಸಂಗಡಿಯವರ ಮಾತಿಗೆ ನನ್ನ ತಕರಾರು ಉಂಟು. "ಕಡಿಮೆ ಕೆಟ್ಟವರು" ಅಂತ ಹೇಳಿ ಹೇಳಿಯೇ ನಮ್ಮನ್ನು ಯಾರೂ ಕೇಳದ ಹಾಗೆ ಆಗಿದೆ. ಈಚೆಗೆ ಒಂದು ಕಚೇರಿಗೆ ಹೋಗಿದ್ದೆ, ಯಾವುದು ಅಂತ ಬೇಡ. ಅರ್ಜಿ ಫಾರ್ಮ್ ಮಲಯಾಳದಲ್ಲಿ ಮಾತ್ರ. ಕನ್ನಡದ್ದು ಕೇಳಿದರೆ "ಮುಗಿದಿದೆ ಚೇಚಿ" ಅಂದರು. ಮುಗಿಯಲು ಮೊದಲು ಇತ್ತಾ ಅಂತ ಕೇಳಿದೆ, ಉತ್ತರ ಇಲ್ಲ. ಅತ್ತೆಗೆ ಮಲಯಾಳ ಓದಲು ಬರುವುದಿಲ್ಲ, ಬೆರಳಿಟ್ಟು ಸಾಲು ಸಾಲು ಓದಿ ಹೇಳಿ ನಾನೇ ತುಂಬಿಸಿದೆ. ನಮ್ಮ ವೋಟು ಹೇಗೂ ನಮಗೇ ಬರುತ್ತದೆ ಅಂತ ಧೈರ್ಯ ಇರುವ ಪಕ್ಷ ಇಂಥದ್ದಕ್ಕೆ ಯಾಕೆ ತಲೆ ಕೆಡಿಸಿಕೊಳ್ಳಬೇಕು ಹೇಳಿ?

ಅಮೆರಿಕದಲ್ಲೇ ನೋಡಿ. 1992ರಲ್ಲಿ ರಾಸ್ ಪೆರೋ ಅನ್ನುವ ಉದ್ಯಮಿ ಸ್ವತಂತ್ರರಾಗಿ ನಿಂತು ಶೇ. 18.9 ವೋಟು ತೆಗೆದರು. ಎಲೆಕ್ಟರ್ ಒಬ್ಬರೂ ಸಿಗಲಿಲ್ಲ, ಸೊನ್ನೆ. ಆದರೆ ಸರ್ಕಾರದ ಸಾಲ, ಬಜೆಟ್ ಕೊರತೆ ಅಂತ ಟಿವಿಯಲ್ಲಿ ಚಾರ್ಟ್ ಹಿಡಿದು ಅವರು ಹೇಳಿದ್ದನ್ನು ಆಮೇಲೆ ಎರಡೂ ಪಕ್ಷದವರು ತಮ್ಮದೇ ಮಾತಿನ ಹಾಗೆ ಹೇಳತೊಡಗಿದರು. ಅಷ್ಟೂ ಜನ ಪೆಟ್ಟಿಗೆಯಲ್ಲಿ ತೋರಿಸಿಕೊಡದಿದ್ದರೆ ಯಾರು ಕೇಳುತ್ತಿದ್ದರು? ಇನ್ನೊಂದು, ಅಲ್ಲಿ ದೇಶದಲ್ಲಿ ಶೇ. 5 ವೋಟು ದಾಟಿದ ಪಕ್ಷಕ್ಕೆ ಮುಂದಿನ ಅಧ್ಯಕ್ಷ ಚುನಾವಣೆಗೆ ಸರ್ಕಾರದ ಹಣ ಸಿಗುತ್ತದೆ. ಆ ಲೆಕ್ಕಕ್ಕೆ ಯಾವ ರಾಜ್ಯದ ವೋಟೂ ಆಗುತ್ತದೆ.

ನೋಟಾ ಒತ್ತುವುದಕ್ಕಿಂತ ಇದು ಎಷ್ಟೋ ವಾಸಿ. 2013ರಿಂದ ನಮಗೆ ನೋಟಾ ಉಂಟು, ಆದರೆ ಎಲ್ಲರಿಗಿಂತ ಜಾಸ್ತಿ ನೋಟಾ ಬಿದ್ದರೂ ಲೋಕಸಭೆ, ವಿಧಾನಸಭೆಯಲ್ಲಿ ಅದರ ಕೆಳಗಿನವನು ಗೆದ್ದ ಹಾಗೆಯೇ. ಸಿಟ್ಟು ತೀರಿತು, ಅಷ್ಟೇ.

ಹೊಸಂಗಡಿ ಜಂಕ್ಷನ್

ಅಕ್ಕಾ, ಪೆರೋ ಕಥೆಯ ಬಾಲವನ್ನೂ ಹೇಳಿ. ಅವರು ಆಮೇಲೆ ಕಟ್ಟಿದ ರಿಫಾರ್ಮ್ ಪಾರ್ಟಿಗೆ 2000ದಲ್ಲಿ ಸರ್ಕಾರದಿಂದ ಒಂದು ಕೋಟಿಗೂ ಹೆಚ್ಚು ಡಾಲರ್ ಸಿಕ್ಕಿತು. ವೋಟು ಬಿದ್ದದ್ದು ಶೇ. 0.4. ಹಣಕ್ಕಾಗಿ ಒಳಜಗಳ ಮಾಡಿಕೊಂಡೇ ಪಕ್ಷ ಮುಗಿಯಿತು.

ನಿವೃತ್ತ ಕನ್ನಡ ಮಾಸ್ತರು

ಎಲ್ಲರೂ ಅಮೆರಿಕ, 2016 ಅನ್ನುತ್ತಿದ್ದೀರಿ. ನಮ್ಮ ಊರಿನ ಹಳೆಯ ಪುಟ ಯಾರೂ ತೆಗೆಯಲಿಲ್ಲ.

1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು. ಮರುವರ್ಷದ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಪಕ್ಷೇತರರಾಗಿ ಅವಿರೋಧವಾಗಿ ಆರಿಸಿ ಬಂದರು. ಎದುರಿಗೆ ಒಬ್ಬರೂ ಇಲ್ಲ! ಆಮೇಲೆ, ಕಾಸರಗೋಡು ಕನ್ನಡ ನಾಡಿಗೇ ಸೇರಬೇಕು ಅಂತ ಹೋರಾಡಿದ ಕರ್ನಾಟಕ ಸಮಿತಿಯ ಕಳ್ಳಿಗೆ ಮಹಾಬಲ ಭಂಡಾರಿ 1960, 1965, 1967 ಮೂರೂ ಸಲ ಗೆದ್ದರು. 1965ರಲ್ಲಿ ಗೆದ್ದವರಿಗೆ ಕೂರಲು ಸಭೆಯೇ ಇರಲಿಲ್ಲ, ಯಾರಿಗೂ ಬಹುಮತ ಬಾರದೆ ಆ ವಿಧಾನಸಭೆ ಒಮ್ಮೆಯೂ ಸೇರಲಿಲ್ಲ. 1967ರಲ್ಲಿ ಕಾಸರಗೋಡು ಕ್ಷೇತ್ರದಿಂದ ಯು.ಪಿ. ಕುಣಿಕುಳ್ಳಾಯರೂ ಗೆದ್ದರು. ಕಾಂಗ್ರೆಸ್ಸೂ ಅಲ್ಲ, ಕಮ್ಯುನಿಸ್ಟೂ ಅಲ್ಲ. ಆ ಕಾಲಕ್ಕೆ ಅದೇ ಮೂರನೇ ದಾರಿ.

ಅದರಿಂದ ಗಡಿ ಬದಲಾಯಿತಾ? ಇಲ್ಲ. ಚಂದ್ರಗಿರಿ ಹೊಳೆಯ ಬಡಗು ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ಗಡಿ ವಿವಾದ ನೋಡಲು ಕೇಂದ್ರ ನೇಮಿಸಿದ ಮಹಾಜನ ಆಯೋಗ 1967ರಲ್ಲೇ ಬರೆದುಕೊಟ್ಟಿತು, ವರದಿ ಜಾರಿಯಾಗಲಿಲ್ಲ. 1970ರಲ್ಲಿ ಮಂಜೇಶ್ವರ ಸಿಪಿಐ ಪಾಲಾಯಿತು. ಅಷ್ಟಾದರೂ ಆ ವೋಟುಗಳು ದಂಡ ಅಂತ ನಾನು ಒಪ್ಪುವುದಿಲ್ಲ. ಇಲ್ಲಿ ಕನ್ನಡದವರು ಇದ್ದೇವೆ ಅಂತ ತಿರುವನಂತಪುರಕ್ಕೆ ಲೆಕ್ಕ ಸಮೇತ ತೋರಿಸಿದ್ದು ಅದೇ. ಆದರೆ ಗಮನಿಸಿ, ಸಮಿತಿಯವರು ಚುನಾವಣೆಗೆ ಮಾತ್ರ ಬಂದವರಲ್ಲ. ಶಾಲೆ, ಸಭೆ, ಮೆರವಣಿಗೆ ಅಂತ ವರ್ಷವಿಡೀ ಜನರ ನಡುವೆ ಇದ್ದರು. ಅಮೆರಿಕದ ಗ್ರೀನ್ ಪಾರ್ಟಿ ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಮುಖ ತೋರಿಸುತ್ತದೆ ಅನ್ನುವ ದೂರು ನಿಜವಾದರೆ ಹುಡುಗ ಅದನ್ನು ಯೋಚಿಸಬೇಕು.

ಇನ್ನು ಅಸಲು ರೋಗ ಎಣಿಸುವ ಕ್ರಮದಲ್ಲಿದೆ. ನಮ್ಮ ರಾಷ್ಟ್ರಪತಿ ಚುನಾವಣೆಯಲ್ಲಿ ಈ ಪೇಚಾಟವೇ ಇಲ್ಲ, ಗೊತ್ತಾ? ಶಾಸಕರು, ಸಂಸದರು ಹೆಸರಿನ ಎದುರು 1, 2, 3 ಅಂತ ಬರೆಯುತ್ತಾರೆ. 1969ರಲ್ಲಿ ಮೊದಲ ಎಣಿಕೆಗೆ ವಿ.ವಿ. ಗಿರಿಯವರಿಗೆ 4,01,515, ನೀಲಂ ಸಂಜೀವ ರೆಡ್ಡಿಯವರಿಗೆ 3,13,548, ಮೂರನೆಯವರಾದ ಸಿ.ಡಿ. ದೇಶಮುಖರಿಗೆ 1,12,769. ಯಾರಿಗೂ ಅರ್ಧ ದಾಟಲಿಲ್ಲ. ಆಗ ದೇಶಮುಖರಿಗೆ ಹಾಕಿದವರ ಎರಡನೇ ಆಯ್ಕೆ ತೆಗೆದು ಹಂಚಿದರು. ಹೆಚ್ಚಿನದು ರೆಡ್ಡಿಯವರಿಗೇ ಹೋಯಿತು, ಆದರೂ ಕೊನೆಗೆ ಗಿರಿ 4,20,077, ರೆಡ್ಡಿ 4,05,427. ಗಿರಿ ರಾಷ್ಟ್ರಪತಿಯಾದರು. ಅದಕ್ಕೆ ಮುಂಚೆ ಅವರು ಕೇರಳಕ್ಕೂ ಮೈಸೂರಿಗೂ ರಾಜ್ಯಪಾಲರಾಗಿದ್ದವರು, ಹಾಗಾಗಿ ನಮ್ಮ ಗಡಿಯ ಎರಡೂ ಬದಿ ಕಂಡವರು. ದೇಶಮುಖರ ಕಡೆಯವರಿಗೆ "ನೀನು ವೋಟು ಹಾಳು ಮಾಡಿದೆ" ಅಂತ ಯಾರೂ ಹೇಳುವ ಹಾಗಿರಲಿಲ್ಲ. ಮನಸ್ಸಿಗೆ ಬಂದವರಿಗೆ ಒಂದು, ತಡೆಯಬೇಕಾದವರನ್ನು ತಡೆಯಲು ಎರಡು. ಶಾಸಕರಿಗೆ ಕೊಟ್ಟ ಈ ಸೌಕರ್ಯ ಸಾಮಾನ್ಯ ಮತದಾರನಿಗೆ ಯಾಕಿಲ್ಲ?

ಡೆಟ್ರಾಯಿಟ್‌ನಿಂದ ಮುಳ್ಳೇರಿಯ

ಮಾಸ್ತರೇ, 1969ರದ್ದು ನನಗೆ ಹೊಸತು. ಇಲ್ಲಿ ಮೇನ್ ರಾಜ್ಯದಲ್ಲಿ 2020ರಿಂದ ಅಧ್ಯಕ್ಷರ ಚುನಾವಣೆಗೂ ಇಂಥದ್ದೇ ಕ್ರಮ ಉಂಟು, ಅಲಾಸ್ಕಾದಲ್ಲೂ 2024ರಲ್ಲಿ ಹಾಗೆಯೇ ನಡೆಯಿತು. ಮಿಚಿಗನ್‌ನಲ್ಲಿ ಇಲ್ಲ. 2000ದಲ್ಲಿ ಕೆಲವರು ಇಂಟರ್ನೆಟ್‌ನಲ್ಲಿ ವೋಟು ಅದಲು ಬದಲು ಮಾಡಿಕೊಳ್ಳುತ್ತಿದ್ದರು. ಯಾರು ಗೆಲ್ಲುತ್ತಾರೆ ಅಂತ ಮೊದಲೇ ಗೊತ್ತಿರುವ ಗಟ್ಟಿ ರಾಜ್ಯದವನು ಬಿಗಿ ರಾಜ್ಯದವನಿಗೆ ಹೇಳುವುದು, ನಿನ್ನ ಪರವಾಗಿ ನಾನು ನೇಡರ್‌ಗೆ ಹಾಕುತ್ತೇನೆ, ನೀನು ಅಲ್ಲಿ ಗೋರ್‌ಗೆ ಹಾಕು ಅಂತ. ನಂಬಿಕೆಯ ಮೇಲೆ ನಡೆಯುವ ವ್ಯಾಪಾರ!

ಪೆರ್ಲದವ

ಎಲ್ಲರಿಗೂ ಧನ್ಯವಾದ. ಇದನ್ನೆಲ್ಲ ಹುಡುಗನಿಗೆ ಕಳಿಸಿದೆ. "2028ರ ಅಕ್ಟೋಬರ್‌ನಲ್ಲಿ ಮಿಚಿಗನ್ ಬಿಗಿ ಇದ್ದರೆ ಇಬ್ಬರಲ್ಲಿ ಒಬ್ಬರಿಗೆ, ಇಲ್ಲದಿದ್ದರೆ ಮೂರನೆಯವರಿಗೆ. ಚರಂಡಿಯವರನ್ನು ಬಿಡುವುದಿಲ್ಲ" ಅಂತ ಉತ್ತರ ಬಂತು. ಭಾವನಿಗೆ ಇನ್ನೂ ಸಮಾಧಾನ ಇಲ್ಲ. ಅಲ್ಲಿ ಬಿಗಿ ಅಲ್ಲದ ವರ್ಷ ಯಾವುದು ಅಂತ ಕೇಳುತ್ತಿದ್ದಾರೆ.

ಹೊಸಂಗಡಿ ಜಂಕ್ಷನ್

ಭಾವ ಹೇಳಿದ್ದು ಸರಿ. ಮಾಸ್ತರೇ, ಒಂದು ಕೇಳುತ್ತೇನೆ. 2016ರಲ್ಲಿ ಮಂಜೇಶ್ವರದವರಿಗೂ 1, 2, 3 ಬರೆಯಲು ಕೊಟ್ಟಿದ್ದರೆ ಆ 42 ಸಾವಿರದ ಎರಡನೇ ಆಯ್ಕೆ ಯಾರಿಗೆ ಹೋಗುತ್ತಿತ್ತು?

ನಿವೃತ್ತ ಕನ್ನಡ ಮಾಸ್ತರು

ಅದಕ್ಕೆ ಬೇರೆ ಚರ್ಚೆ ತೆಗೆಯಿರಿ. ನಾನು ಬರುವುದಿಲ್ಲ, ನನಗೆ ಬಿ.ಪಿ. ಉಂಟು.